ಬ್ಯಾಟರಿ 100% ಅಂತ ತೋರಿಸುತ್ತೆ, ಕರೆಂಟ್ ಹೋದ ಎರಡೇ ಸೆಕೆಂಡಿಗೆ ಯುಪಿಎಸ್ ಆಫ್

ನೀಲಿದೀಪ:

ಯುಪಿಎಸ್ ಲೈನ್-ಇಂಟರಾಕ್ಟಿವ್ (ಕರೆಂಟ್ ಇರುವವರೆಗೆ ಮೇನ್ಸನ್ನೇ ದಾಟಿಸಿ, ಹೋದಾಗ ಬ್ಯಾಟರಿಗೆ ಬದಲಾಗುವ ಬಗೆ), 1100 ವಿಎ / 660 ವ್ಯಾಟ್. ಒಳಗೆ 12 ವೋಲ್ಟ್ 7 ಎಎಚ್ (ಆಂಪಿಯರ್-ಗಂಟೆ) ಬ್ಯಾಟರಿ ಎರಡು, ಸೀರೀಸ್‌ನಲ್ಲಿ. ಬ್ಯಾಟರಿಗೆ ನಾಲ್ಕು ವರ್ಷ. ಲೋಡ್: ಒಂದು ಟವರ್ ಸರ್ವರ್, ನಾಲ್ಕು ಡಿಸ್ಕಿನ ನ್ಯಾಸ್ (ನೆಟ್‌ವರ್ಕ್ ಮೂಲಕ ಫೈಲು ಇಡುವ ಪೆಟ್ಟಿಗೆ), ನೆಟ್‌ವರ್ಕ್ ಸ್ವಿಚ್, ರೌಟರ್. ವ್ಯಾಟ್ ಮೀಟರ್‌ನಲ್ಲಿ ಒಟ್ಟು 290.

ಕರೆಂಟ್ ಹೋದಾಗ ರಿಲೇ ಟಕ್ ಅನ್ನುತ್ತೆ, ಬೀಪ್ ಶುರುವಾಗುತ್ತೆ, ಎರಡು ಸೆಕೆಂಡಿನೊಳಗೆ ಎಲ್ಲವೂ ಆಫ್. ಕರೆಂಟ್ ಇರುವಾಗ ಪರದೆಯಲ್ಲಿ ಬ್ಯಾಟರಿ 100%. ಬ್ಯಾಟರಿ ಬಿಚ್ಚಿ ಮಲ್ಟಿಮೀಟರ್ ಹಿಡಿದರೆ 12.8 ಮತ್ತು 12.7 ವೋಲ್ಟ್. ರೌಟರ್ ಒಂದನ್ನೇ ಹಾಕಿದರೆ ಮುಕ್ಕಾಲು ಗಂಟೆ ಆರಾಮಾಗಿ ಓಡುತ್ತೆ. ಹಾಗಾದರೆ ಬ್ಯಾಟರಿ ಸರಿಯಿದೆ, ಇನ್ವರ್ಟರ್ ಬೋರ್ಡ್ ಹೋಗಿದೆ ಅಂದುಕೊಳ್ಳಬಹುದಾ? ಮಾಸ್ಫೆಟ್ (ಬೋರ್ಡಿನಲ್ಲಿ ಕರೆಂಟನ್ನು ಆನ್-ಆಫ್ ಮಾಡುವ ಟ್ರಾನ್ಸಿಸ್ಟರ್) ಬದಲಿಸಿ ನೋಡಲಾ?

ಸೀಸದತಟ್ಟೆ:

ಮಾಸ್ಫೆಟ್ ಮುಟ್ಟಬೇಡಿ. ಅದು ಹೋದರೆ ಹೆಚ್ಚಾಗಿ ಶಾರ್ಟ್ ಆಗಿ ಬ್ಯಾಟರಿ ಫ್ಯೂಸನ್ನೂ ಜೊತೆಗೆ ಕರೆದುಕೊಂಡು ಹೋಗುತ್ತೆ. ಆಗ ರೌಟರ್ ಕೂಡ ಓಡುತ್ತಿರಲಿಲ್ಲ.

ಲೆಕ್ಕ ಹಾಕಿ ನೋಡಿ. 290 ವ್ಯಾಟ್ ಹೊರಗೆ ಕೊಡಬೇಕಾದರೆ, ಇನ್ವರ್ಟರ್ ದಕ್ಷತೆ 85% ಅಂತ ಹಿಡಿದರೂ ಬ್ಯಾಟರಿಯಿಂದ ಸುಮಾರು 340 ವ್ಯಾಟ್ ಎಳೆಯಬೇಕು. 23 ವೋಲ್ಟಿನಲ್ಲಿ ಅದು 15 ಆಂಪ್ಸ್. ಬರೀ ರೌಟರ್ ಇದ್ದಾಗ ಎಳೆಯೋದು ಒಂದು ಆಂಪ್ಸ್ ಆಸುಪಾಸು. ಹೊಸ 7 ಎಎಚ್ ಬ್ಯಾಟರಿಯ ಒಳರೋಧ 20-25 ಮಿಲಿಓಮ್ ಇರುತ್ತೆ. ಹಳತಾಗಿ 150 ಮಿಲಿಓಮ್ ಆಯಿತು ಅಂತಿಟ್ಟುಕೊಳ್ಳಿ: 15 ಆಂಪ್ಸ್ ಹರಿದಾಗ ಒಳಗೇ 2.25 ವೋಲ್ಟ್ ಮಾಯ. 12.8 ಇದ್ದದ್ದು ನೇರ 10.5ಕ್ಕೆ ಕುಸಿಯಿತು, ಯುಪಿಎಸ್ ‘ಬ್ಯಾಟರಿ ಖಾಲಿ’ ಅಂತ ಕೈ ಎತ್ತಿತು. ಇನ್ನೂ ಕೆಟ್ಟದ್ದೇನೆಂದರೆ ಲೋಡ್ ಕೇಳೋದು ವ್ಯಾಟ್. ವೋಲ್ಟೇಜ್ ಇಳಿದಷ್ಟೂ ಆಂಪ್ಸ್ ಏರುತ್ತೆ, ಆಂಪ್ಸ್ ಏರಿದಷ್ಟೂ ವೋಲ್ಟೇಜ್ ಇನ್ನೂ ಇಳಿಯುತ್ತೆ. ಅದಕ್ಕೇ ಎರಡೇ ಸೆಕೆಂಡಿನಲ್ಲಿ ಮುಗಿದುಹೋಗೋದು. ಸುಮ್ಮನೆ ಕೂತ ಬ್ಯಾಟರಿಯ ವೋಲ್ಟೇಜ್ ನೋಡಿದರೆ ಇದು ಯಾವುದೂ ಕಾಣಲ್ಲ, ಪರದೆಯ 100% ಅಂತೂ ಅದಕ್ಕಿಂತ ದೊಡ್ಡ ಸುಳ್ಳು.

ಪರೀಕ್ಷೆ ಹೀಗೆ ಮಾಡಿ. ಯುಪಿಎಸ್ ಆಫ್ ಮಾಡಿ, ಪ್ಲಗ್ ಕಿತ್ತು, ಬ್ಯಾಟರಿಗಳನ್ನು ಪೂರ್ತಿ ಹೊರಗೆ ತೆಗೆಯಿರಿ. ಒಳಗಿಟ್ಟುಕೊಂಡೇ ಅಳೆಯಲು ಹೋಗಬೇಡಿ. ಕೆಲವು ಯುಪಿಎಸ್‌ಗಳಲ್ಲಿ ಬ್ಯಾಟರಿ ತಂತಿಗೂ ಮೇನ್ಸ್‌ಗೂ ನಡುವೆ ಬೇರ್ಪಡಿಕೆಯೇ ಇರೋದಿಲ್ಲ, 24 ವೋಲ್ಟ್ ತಾನೇ ಅಂತ ಮುಟ್ಟಿದರೆ 230 ಹೊಡೆಯುತ್ತೆ. ಕಾರಿನ ಹೆಡ್‌ಲೈಟಿನ 12 ವೋಲ್ಟ್ 55 ವ್ಯಾಟ್ ಹ್ಯಾಲೊಜೆನ್ ಬಲ್ಬ್ ಎರಡನ್ನು ಪ್ಯಾರಲಲ್ ಮಾಡಿ. ಒಟ್ಟು 9 ಆಂಪ್ಸ್ ಎಳೆಯುತ್ತವೆ. ಒಂದೊಂದೇ ಬ್ಯಾಟರಿಗೆ ಹಚ್ಚಿ, ಮೀಟರ್ ಕಡ್ಡಿಯನ್ನು ತಂತಿಗಲ್ಲ, ಬ್ಯಾಟರಿ ಟರ್ಮಿನಲ್‌ಗೇ ಹಿಡಿದು, ಕೂಡಲೇ ಎಷ್ಟು, ಒಂದು ನಿಮಿಷಕ್ಕೆ ಎಷ್ಟು, ಐದು ನಿಮಿಷಕ್ಕೆ ಎಷ್ಟು ಅಂತ ಬರೆದುಕೊಳ್ಳಿ. 10.5ಕ್ಕೆ ಇಳಿದರೆ ಅಲ್ಲೇ ನಿಲ್ಲಿಸಿ. ಬಲ್ಬ್ ವಿಪರೀತ ಕಾಯುತ್ತೆ, ಇಟ್ಟಿಗೆ ಮೇಲಿಡಿ.

ನೀಲಿದೀಪ:

ಮಾಡಿದೆ ಸರ್. ಮೊದಲ ಬ್ಯಾಟರಿ: 12.8 ಇದ್ದದ್ದು ಬಲ್ಬ್ ಹಚ್ಚಿದ ಕೂಡಲೇ 11.8, ಐದು ನಿಮಿಷಕ್ಕೆ 11.1. ಎರಡನೆಯದು: 12.7ರಿಂದ ಸೀದಾ 10.1. ನಿಲ್ಲಿಸುವಷ್ಟರಲ್ಲಿ 9.4 ಆಗಿತ್ತು. ಎರಡನೆಯದೊಂದನ್ನು ಬದಲಿಸಿದರೆ ಸಾಕಾ?

ಸೀಸದತಟ್ಟೆ:

ಸಾಲದು. ಚಾರ್ಜರ್‌ಗೆ ಕಾಣೋದು ಎರಡರ ಮೊತ್ತ ಮಾತ್ರ, ಫ್ಲೋಟ್‌ನಲ್ಲಿ (ಬ್ಯಾಟರಿ ತುಂಬಿದ ಮೇಲೆ ಹಾಗೇ ಹಿಡಿದಿಡುವಾಗ) ಸುಮಾರು 27.2 ವೋಲ್ಟ್. ಹಳೆಯದು ತನ್ನ ಪಾಲಿನ 13.6 ಹೊರದಿದ್ದರೆ ಉಳಿದಿದ್ದೆಲ್ಲ ಹೊಸದರ ತಲೆಗೆ. ಅದು ಕಾದು, ಒಣಗಿ, ಹೊಟ್ಟೆ ಉಬ್ಬಿಸಿಕೊಂಡು ಕೂರುತ್ತೆ. ಜೋಡಿಯನ್ನೇ ಬದಲಿಸಿ, ಒಂದೇ ಕಂಪನಿ, ಒಂದೇ ತಯಾರಿಕಾ ತಿಂಗಳು. ಗೋದಾಮಿನಲ್ಲಿ ವರ್ಷಗಟ್ಟಲೆ ಕೂತ ‘ಹೊಸ’ ಬ್ಯಾಟರಿ ತರಬೇಡಿ. ತೆರೆದ ವೋಲ್ಟೇಜ್ 12.6ಕ್ಕಿಂತ ಕಡಿಮೆ ತೋರಿಸಿದರೆ ವಾಪಸ್ ಕೊಡಿ.

ಎಲ್ಲರೂ ಎಡವೋದು ಟರ್ಮಿನಲ್ ಅಗಲದಲ್ಲಿ. ಒಂದೇ ಅಳತೆಯ ಡಬ್ಬಿಗೆ ಎರಡು ಬಗೆಯ ನಾಲಿಗೆ ಬರುತ್ತೆ: ಎಫ್1 ಅಂದರೆ 4.75 ಮಿಮೀ, ಎಫ್2 ಅಂದರೆ 6.35 ಮಿಮೀ. ಯುಪಿಎಸ್ ತಂತಿಯಲ್ಲಿರೋದು 6.35ರ ಲಗ್ (ನಾಲಿಗೆಗೆ ತೂರಿಸುವ ತುದಿ) ಆಗಿದ್ದು, ನೀವು ಎಫ್1 ಬ್ಯಾಟರಿ ತಂದರೆ ಲಗ್ ಹೇಗೋ ಕೂರುತ್ತೆ, ಆದರೆ ಅಲ್ಲಾಡುತ್ತೆ. 15 ಆಂಪ್ಸ್ ಹರಿದಾಗ ಅಲ್ಲೇ ಕಾದು ಪ್ಲಾಸ್ಟಿಕ್ ಕರಗುತ್ತೆ. ಇಕ್ಕುಳದಲ್ಲಿ ಅಮುಕಿ ಬಿಗಿ ಮಾಡ್ತೀನಿ ಅನ್ನೋದು ಬೇಡ, ಸರಿಯಾದದ್ದನ್ನೇ ತನ್ನಿ. ಎರಡು ಬ್ಯಾಟರಿ ನಡುವಿನ ತುಂಡು ತಂತಿಯನ್ನು ಎಸೆಯಬೇಡಿ, ಕೆಲವದರಲ್ಲಿ ಫ್ಯೂಸ್ ಇರೋದೇ ಅಲ್ಲಿ. ಕೊನೆಯ ಲಗ್ ಹಾಕುವಾಗ ಸಣ್ಣದೊಂದು ಕಿಡಿ ಹಾರಿದರೆ ಗಾಬರಿ ಬೇಡ, ಬೋರ್ಡಿನ ಕೆಪಾಸಿಟರ್ ತುಂಬಿಕೊಳ್ಳುತ್ತಿದೆ ಅಷ್ಟೆ.

ಹಾಕಿದ ಮೇಲೆ 12 ಗಂಟೆ ಚಾರ್ಜ್ ಆಗಲಿ, ಆಮೇಲೆ ಪರೀಕ್ಷೆ. ಪರೀಕ್ಷೆಗೆ ಪ್ಲಗ್ ಕೀಳಬೇಡಿ, ಅರ್ಥಿಂಗ್ ತಪ್ಪಿಹೋಗುತ್ತೆ. ಸಾಕೆಟ್ಟಿನ ಸ್ವಿಚ್ ಆಫ್ ಮಾಡಿ.

ತಂತಿಬಾಲ:

ಮಧ್ಯೆ ಬಾಯಿ ಹಾಕ್ತಿದ್ದೀನಿ. ಅದೇ ಖರ್ಚು ಮಾಡೋ ಬದಲು 42 ಎಎಚ್ ಬ್ಯಾಟರಿ ಎರಡು ಹೊರಗಿಟ್ಟು ತಂತಿ ಎಳೆದುಕೊಂಡರೆ ಗಂಟೆಗಟ್ಟಲೆ ಬ್ಯಾಕಪ್ ಬರಲ್ವಾ?

ಸೀಸದತಟ್ಟೆ:

ಬ್ಯಾಟರಿ ತಾಳುತ್ತೆ, ಯುಪಿಎಸ್ ತಾಳಲ್ಲ. ಈ ಗಾತ್ರದ ಯುಪಿಎಸ್‌ನ ಟ್ರಾನ್ಸ್‌ಫಾರ್ಮರ್, ಹೀಟ್‌ಸಿಂಕ್ ಎಲ್ಲ ಹತ್ತು ನಿಮಿಷದ ಬಿಸಿ ತಡೆಯೋ ಲೆಕ್ಕದಲ್ಲಿ ಮಾಡಿದ್ದು. ಬ್ಯಾಟರಿ ಖಾಲಿಯಾಗೋದೇ ಅದಕ್ಕೊಂದು ಕಾವಲು. ಆ ಕಾವಲು ತೆಗೆದರೆ ಅರ್ಧ ಗಂಟೆ ಹೊತ್ತಿಗೆ ಸುಟ್ಟ ವಾರ್ನಿಶ್ ವಾಸನೆ. ಚಾರ್ಜರ್ ಬೇರೆ ಒಂದು ಆಂಪ್ಸ್ ಕೊಟ್ಟರೆ ಹೆಚ್ಚು, 42 ಎಎಚ್ ತುಂಬಲು ಎರಡು ದಿನ ಬೇಕು, ಅಷ್ಟರಲ್ಲಿ ಮತ್ತೆ ಕರೆಂಟ್ ಹೋಗಿರುತ್ತೆ. ಗಂಟೆಗಟ್ಟಲೆ ಬೇಕೆಂದರೆ ಹೊರಗಿನ ಬ್ಯಾಟರಿ ಪ್ಯಾಕ್‌ಗೆಂದೇ ಮಾಡಿದ ಯುಪಿಎಸ್ ತಗೊಳ್ಳಿ.

ನೀಲಿದೀಪ:

ಹೊಸ ಜೋಡಿ ಹಾಕಿದೆ, ಎಫ್2. ಈಗ 290 ವ್ಯಾಟಿಗೆ ಹತ್ತು ನಿಮಿಷ ನಿಲ್ಲುತ್ತೆ. ಆದರೆ ಇನ್ನೊಂದು ತಲೆನೋವು. ಕರೆಂಟ್ ಹೋದ ಕ್ಷಣದಲ್ಲಿ ಮೂರು ಸಲಕ್ಕೊಮ್ಮೆ ಸರ್ವರ್ ಮಾತ್ರ ರೀಸ್ಟಾರ್ಟ್ ಆಗುತ್ತೆ. ನ್ಯಾಸ್, ಸ್ವಿಚ್ ಅಲ್ಲಾಡೋದೇ ಇಲ್ಲ. ಹಿಂದೆ ಎಲ್ಲವೂ ಒಟ್ಟಿಗೇ ಆಫ್ ಆಗುತ್ತಿದ್ದರಿಂದ ಇದು ಗೊತ್ತೇ ಆಗಿರಲಿಲ್ಲ.

ಹತ್ತುಮಿಲಿಸೆಕೆಂಡ್:

ಇದು ಬ್ಯಾಟರಿ ಸಮಸ್ಯೆ ಅಲ್ಲ, ಬದಲಾಗುವ ಹೊತ್ತಿನ ಸಮಸ್ಯೆ. ಲೈನ್-ಇಂಟರಾಕ್ಟಿವ್ ಯುಪಿಎಸ್ ಕರೆಂಟ್ ಹೋದದ್ದನ್ನು ಗುರುತಿಸಿ, ರಿಲೇ ಎಳೆದು, ಇನ್ವರ್ಟರ್‌ಗೆ ದಾಟಲು 4ರಿಂದ 10 ಮಿಲಿಸೆಕೆಂಡ್ ತಗೊಳ್ಳುತ್ತೆ. ಆ ಹೊತ್ತಿನಲ್ಲಿ ಸರ್ವರನ್ನು ಜೀವಂತ ಇಡೋದು ಅದರ ಪವರ್ ಸಪ್ಲೈ ಒಳಗಿನ ದೊಡ್ಡ ಕೆಪಾಸಿಟರ್. ಒಳ್ಳೆ ಸಪ್ಲೈ ಪೂರ್ತಿ ಲೋಡ್‌ನಲ್ಲೂ 16 ಮಿಲಿಸೆಕೆಂಡ್ ತಡೆಯುತ್ತೆ. ಕೆಪಾಸಿಟರ್ ಹಳತಾದರೆ ಅಷ್ಟಿರಲ್ಲ.

ಮೂರು ವಿಷಯ ಹೇಳಿ. ಸರ್ವರ್ ಸಪ್ಲೈ ಆಕ್ಟಿವ್ ಪಿಎಫ್‌ಸಿ ಬಗೆಯದಾ (ಎಳೆಯುವ ಕರೆಂಟನ್ನು ವೋಲ್ಟೇಜ್ ಅಲೆಗೆ ಹೊಂದಿಸಿಕೊಳ್ಳೋದು)? ಯುಪಿಎಸ್ ಔಟ್‌ಪುಟ್ ಮೇನ್ಸಿನ ಹಾಗೆ ನಯವಾಗಿ ಏರಿಳಿಯುವ ಶುದ್ಧ ಸೈನ್ ಅಲೆಯಾ, ಮೆಟ್ಟಿಲು ಅಲೆಯಾ? ಯುಪಿಎಸ್‌ನ ಸೆನ್ಸಿಟಿವಿಟಿ (ಮೇನ್ಸ್ ಅಲೆ ಎಷ್ಟು ಕೆಟ್ಟರೆ ಬ್ಯಾಟರಿಗೆ ದಾಟಬೇಕು ಅನ್ನೋ ಸೆಟ್ಟಿಂಗ್) ಎಲ್ಲಿಟ್ಟಿದ್ದೀರಿ?

ನೀಲಿದೀಪ:

ಪಿಎಫ್‌ಸಿ ಹೌದು. ಮೆಟ್ಟಿಲು ಅಲೆ. ಸೆನ್ಸಿಟಿವಿಟಿ ‘ಲೋ’ದಲ್ಲಿದೆ. ಜನರೇಟರ್ ಶುರುವಾದಾಗ ಟಕಟಕ ಅನ್ನುತ್ತಿತ್ತು ಅಂತ ಇಳಿಸಿದ್ದೆ.

ಹತ್ತುಮಿಲಿಸೆಕೆಂಡ್:

ಕಳ್ಳ ಸಿಕ್ಕಿದ. ಲೋ ಅಂದರೆ ಅಲೆ ಸೊಟ್ಟಗಾದರೂ ‘ಇರಲಿ, ನೋಡೋಣ’ ಅಂತ ಕಾಯುತ್ತೆ. ಕರೆಂಟ್ ನಿಜವಾಗಿ ಹೋದಾಗಲೂ ಅದೇ ತಾತ್ಸಾರ, ಕೆಲವು ಮಿಲಿಸೆಕೆಂಡ್ ಅಲ್ಲೇ ಹೋಯಿತು. ಕರೆಂಟ್ ಯಾವ ಗಳಿಗೆಯಲ್ಲಿ ಹೋಯಿತು, ಅಲೆಯ ತುದಿಯಲ್ಲೋ ಸೊನ್ನೆಯ ಹತ್ತಿರವೋ ಅನ್ನೋದರ ಮೇಲೆ ಫಲಿತಾಂಶ ಬದಲಾಗುತ್ತೆ. ಮೂರಕ್ಕೊಂದು ಸಲ ಆಗೋದು ಅದಕ್ಕೇ. ನ್ಯಾಸ್‌ನ ಸಪ್ಲೈ ತನ್ನ ಸಾಮರ್ಥ್ಯದ ಸ್ವಲ್ಪವನ್ನೇ ಬಳಸುತ್ತಿರಬೇಕು, ಹಾಗಾಗಿ ಅದರ ಕೆಪಾಸಿಟರ್‌ನಲ್ಲಿ ಉಸಿರು ಉಳಿದಿರುತ್ತೆ.

‘ಮೀಡಿಯಂ’ ಮಾಡಿ, ಹತ್ತು ಸಲ ಸ್ವಿಚ್ ಆಫ್-ಆನ್ ಮಾಡಿ ನೋಡಿ, ಪ್ರತಿ ಸಲಕ್ಕೂ ಒಂದೆರಡು ನಿಮಿಷ ಬಿಡುವು ಕೊಟ್ಟು. ಆಗಲೂ ರೀಸ್ಟಾರ್ಟ್ ಆದರೆ ಮೆಟ್ಟಿಲು ಅಲೆಯದ್ದೇ ತಪ್ಪಿರಬಹುದು. ಆ ಅಲೆ ಪ್ರತಿ ಅರ್ಧ ಸುತ್ತಿನಲ್ಲಿ ಒಂದಿಷ್ಟು ಹೊತ್ತು ಸೊನ್ನೆಯಲ್ಲೇ ಕೂತು, ಆಮೇಲೆ ಒಮ್ಮೆಲೇ ಜಿಗಿಯುತ್ತೆ. ಪಿಎಫ್‌ಸಿ ಸರ್ಕ್ಯೂಟ್ ಆಗ ಗಬಕ್ಕನೆ ಎಳೆಯುತ್ತೆ, ಯುಪಿಎಸ್ ಅದನ್ನು ಓವರ್‌ಲೋಡ್ ಅಂದುಕೊಳ್ಳಬಹುದು. ಹಾಗಿದ್ದರೆ ಆ ಸರ್ವರ್‌ಗೆ ಸೈನ್ ಅಲೆಯ ಯುಪಿಎಸ್ಸೇ ಬೇಕಾಗುತ್ತೆ.

ನೀಲಿದೀಪ:

ಮೀಡಿಯಂನಲ್ಲಿ ಹತ್ತಕ್ಕೆ ಹತ್ತೂ ಪಾಸ್. ಜನರೇಟರ್‌ಗೆ ಒಂದೆರಡು ಸಲ ಟಕ್ ಅಂದು ಸುಮ್ಮನಾಗುತ್ತೆ, ಪರವಾಗಿಲ್ಲ. ಕೊನೆಯದಾಗಿ: ನೆಟ್‌ವರ್ಕ್ ಯುಪಿಎಸ್ ಟೂಲ್ಸ್ (ಯುಪಿಎಸ್ ಮೇಲೆ ಕಣ್ಣಿಟ್ಟು ಯಂತ್ರಗಳನ್ನು ಶಟ್‌ಡೌನ್ ಮಾಡಿಸುವ ಸಾಫ್ಟ್‌ವೇರ್) ಹಾಕಿದ್ದೀನಿ, 20%ಗೆ ಇಳಿದರೆ ಎಲ್ಲವೂ ಶಟ್‌ಡೌನ್ ಅಂತ ಕೊಟ್ಟಿದ್ದೀನಿ. ಸರಿನಾ?

ಹತ್ತುಮಿಲಿಸೆಕೆಂಡ್:

ಶೇಕಡಾ ನಂಬಬೇಡಿ. ಬ್ಯಾಟರಿ ಹಳತಾದಂತೆ 60%ರಿಂದ ಸೀದಾ ಸೊನ್ನೆಗೆ ಬೀಳುತ್ತೆ. ಬ್ಯಾಟರಿ ಮೇಲೆ ಹೋಗಿ ಮೂರು ನಿಮಿಷ ಕಳೆದರೆ ಶಟ್‌ಡೌನ್ ಅಂತ ಗಡಿಯಾರದ ಲೆಕ್ಕ ಕೊಡಿ, ಹತ್ತರಲ್ಲಿ ಏಳು ನಿಮಿಷ ಕೈಯಲ್ಲಿ ಉಳಿಯುತ್ತೆ. ಸರ್ವರ್‌ನ ಫೈಲುಗಳು ನ್ಯಾಸ್ ಮೇಲಿದ್ದರೆ ಮೊದಲು ಸರ್ವರ್, ಅದು ಪೂರ್ತಿ ಆಫ್ ಆದ ಮೇಲೆ ನ್ಯಾಸ್. ನೆಟ್‌ವರ್ಕ್ ಸ್ವಿಚ್ ಕೊನೆಗೆ, ಇಲ್ಲದಿದ್ದರೆ ‘ಆಫ್ ಆಗು’ ಅನ್ನೋ ಮಾತೇ ತಲುಪಲ್ಲ.

ಇನ್ನೊಂದು ತೂತು ಇದೆ. ಸರ್ವರ್ ಶಟ್‌ಡೌನ್ ಆಗ್ತಿರುವಾಗಲೇ ಕರೆಂಟ್ ಬಂತು ಅಂದುಕೊಳ್ಳಿ. ಯುಪಿಎಸ್ ಔಟ್‌ಪುಟ್ ಕಡಿದೇ ಇಲ್ಲ, ಹಾಗಾಗಿ ಸರ್ವರ್‌ಗೆ ‘ಕರೆಂಟ್ ಹೋಗಿ ಬಂತು’ ಅನ್ನೋದೇ ತಿಳಿಯಲ್ಲ. ಆಫ್ ಆದದ್ದು ಆಫ್ ಆಗಿಯೇ ಕೂತಿರುತ್ತೆ. ಬಯಾಸ್‌ನಲ್ಲಿ (ಸರ್ವರಿನ ಮೂಲ ಸೆಟ್ಟಿಂಗ್) ಕರೆಂಟ್ ಬಂದಾಗ ತಾನೇ ಆನ್ ಆಗು ಅಂತ ಇಡಿ. ಜೊತೆಗೆ ಶಟ್‌ಡೌನಿನ ಕಟ್ಟಕಡೆಯ ಹೆಜ್ಜೆಯಾಗಿ ಯುಪಿಎಸ್‌ಗೇ ‘ಔಟ್‌ಪುಟ್ ಕಡಿ, ಕರೆಂಟ್ ಇದ್ದರೆ ಮತ್ತೆ ಕೊಡು’ ಅನ್ನೋ ಆದೇಶ ಹೋಗಲಿ. ಕಡಿಯುವ ಮುನ್ನ ಕಾಯುವ ಅವಧಿಯನ್ನು, ನಿಧಾನವಾಗಿ ಆಫ್ ಆಗುವ ಯಂತ್ರ ಎಷ್ಟು ಹೊತ್ತು ತಗೊಳ್ಳುತ್ತೋ ಅದಕ್ಕಿಂತ ಒಂದು ನಿಮಿಷ ಜಾಸ್ತಿ ಇಡಿ. ನಾಲ್ಕು ಡಿಸ್ಕಿನ ನ್ಯಾಸ್ ಅಂದರೆ ಅದೇ ನಿಧಾನದ್ದು, ಗಡಿಯಾರ ಹಿಡಿದು ಒಮ್ಮೆ ಅಳೆದುಬಿಡಿ.