ಅಮ್ಮನ ವಯಸ್ಸಿನ ಆಯಾಗೆ ಕೆಲಸ ಹೇಳುವುದು ಹೇಗೆ? ಹೊಸ ನರ್ಸ್‌ಗಳ ಪ್ರಶ್ನೆ, ಹಿರಿಯ ಸಿಸ್ಟರ್ ಉತ್ತರ

ಪ್ರಶ್ನೆ (ಕುಮಟಾದಿಂದ, ಹೊಸ ಸ್ಟಾಫ್ ನರ್ಸ್):

ನಮಸ್ತೆ ಸಿಸ್ಟರ್. ಜಿಎನ್‌ಎಂ (ನರ್ಸಿಂಗ್ ಡಿಪ್ಲೊಮಾ) ಮುಗಿಸಿ, ರಿಜಿಸ್ಟ್ರೇಷನ್ ಮಾಡಿಸಿಕೊಂಡು ಕೆಲಸಕ್ಕೆ ಸೇರಿ ನಾಲ್ಕು ತಿಂಗಳಾಯಿತು. ನೈಟ್ ಡ್ಯೂಟಿಯಲ್ಲಿ 18 ಬೆಡ್‌ಗೆ ನಾನು ಮತ್ತು ಒಬ್ಬರು ಆಯಾ, ಇಬ್ಬರೇ. ಅವರು ನನ್ನ ಅಮ್ಮನ ವಯಸ್ಸಿನವರು. ನಾನು ಹುಟ್ಟುವ ಮೊದಲಿನಿಂದ ಅಲ್ಲೇ ಇದ್ದಾರೆ. ಅವರಿಗೆ ಕೆಲಸ ಹೇಳುವುದಕ್ಕೆ ಬಾಯೇ ಬರುವುದಿಲ್ಲ. ಯೂರಿನ್ ಬ್ಯಾಗ್ ಖಾಲಿ ಮಾಡುವುದು, ಶೀಟ್ ಬದಲಿಸುವುದು, ಎಲ್ಲ ನಾನೇ ಮಾಡುತ್ತೇನೆ. ಮೊನ್ನೆ 2 ಗಂಟೆಗೆ ಕೊಡಬೇಕಾಗಿದ್ದ ಆಂಟಿಬಯೋಟಿಕ್ 3:15ಕ್ಕೆ ಕೊಟ್ಟೆ. ಬೆಳಿಗ್ಗೆ ಚಾರ್ಟ್ ಬರೆಯುವಾಗ ಕೈ ನಡುಗುತ್ತಿತ್ತು. ಒಂದು ವೇಳೆ ಅವರಿಗೆ ಕೆಲಸ ಹೇಳಿ, ಅದು ತಪ್ಪಾದರೆ ಯಾರ ಮೇಲೆ ಬರುತ್ತದೆ? ಅದೂ ಒಂದು ಹೆದರಿಕೆ.

ಉತ್ತರ (ಹಿರಿಯ ಶುಶ್ರೂಷಾಧಿಕಾರಿ, 24 ವರ್ಷದ ಸೇವೆ):

ತಂಗಿ, ಮೊದಲು ಆ 3:15ರ ವಿಷಯ. ಚಾರ್ಟಿನಲ್ಲಿ 3:15 ಅಂತಲೇ ಬರೆದೆಯಲ್ಲ? ಬರೆದಿದ್ದರೆ ಸರಿ. 2 ಗಂಟೆ ಅಂತ ಬರೆದಿದ್ದರೆ ಇವತ್ತೇ ಇನ್‌ಚಾರ್ಜ್ ಸಿಸ್ಟರ್ ಹತ್ತಿರ ಹೋಗಿ ಹೇಳು. ತಡವಾದದ್ದನ್ನು ಸರಿ ಮಾಡಬಹುದು. ಸುಳ್ಳು ಸಮಯ ಬರೆದರೆ ಮುಂದಿನ ಡೋಸ್ ಕೊಡುವವರಿಗೂ ಲೆಕ್ಕ ತಪ್ಪುತ್ತದೆ.

ಎಲ್ಲ ನೀನೇ ಮಾಡುವುದು ಒಳ್ಳೆಯತನ ಅಂತ ನಿನಗೆ ಅನ್ನಿಸುತ್ತಿದೆ. ನನಗೂ ಹಾಗೇ ಅನ್ನಿಸುತ್ತಿತ್ತು. ಆದರೆ ನೀನು ಶೀಟ್ ಬದಲಿಸುತ್ತಿದ್ದಾಗ ಆ ಆಂಟಿಬಯೋಟಿಕ್ ಕೊಡುವುದಕ್ಕೆ ವಾರ್ಡಿನಲ್ಲಿ ಬೇರೆ ಯಾರೂ ಇರಲಿಲ್ಲ. ಶೀಟ್ ಇಬ್ಬರಲ್ಲಿ ಯಾರು ಬೇಕಾದರೂ ಬದಲಿಸಬಹುದು. ಇಂಜೆಕ್ಷನ್ ಕೊಡಬಲ್ಲವಳು ನೀನೊಬ್ಬಳೇ ಅಲ್ವಾ?

ಇನ್ನು ತಪ್ಪಾದರೆ ಯಾರ ಮೇಲೆ ಅನ್ನುವುದು. ನನ್ನದೇ ಒಂದು ಅನುಭವ ಹೇಳುತ್ತೇನೆ. ಯಾವ ಆಸ್ಪತ್ರೆ ಅಂತ ಹೇಳುವುದಿಲ್ಲ. ಕೆಲಸಕ್ಕೆ ಸೇರಿ ಎರಡನೇ ವರ್ಷ, ಮಳೆಗಾಲದ ರಾತ್ರಿ. ಒಬ್ಬಳಿಗೆ ಹೆರಿಗೆಯಾಗಿ ಅರ್ಧ ಗಂಟೆಯಾಗಿತ್ತು. ಅಷ್ಟರಲ್ಲಿ ಇನ್ನೊಂದು ಕೇಸ್ ಬಂತು. ನಾನು ಆಯಾಗೆ "ಆ ಬಾಣಂತಿನ ಸ್ವಲ್ಪ ನೋಡಿಕೊಳ್ಳಿ" ಅಂದು ಓಡಿದೆ. 40 ನಿಮಿಷ ಬಿಟ್ಟು ಬಂದು ಕೇಳಿದರೆ, "ಚೆನ್ನಾಗಿದ್ದಾಳೆ ಸಿಸ್ಟರ್, ನಿದ್ದೆ ಹತ್ತಿದೆ" ಅಂದರು. ಹತ್ತಿರ ಹೋದೆ. ತುಟಿ ಬಿಳಿಚಿಕೊಂಡಿತ್ತು. ಹೊದಿಕೆ ತೆಗೆದರೆ ಪ್ಯಾಡ್ ನೆನೆದು, ಕೆಳಗಿನ ಮ್ಯಾಕಿಂಟಾಷ್ (ರಬ್ಬರ್ ಶೀಟ್) ಮೇಲೆ ರಕ್ತ ನಿಂತಿತ್ತು. ಹೊಟ್ಟೆ ಮುಟ್ಟಿದರೆ ಗಟ್ಟಿಯಾಗಿರಬೇಕಾದ ಗರ್ಭಕೋಶ ಕಲಸಿದ ಹಿಟ್ಟಿನಂತೆ ಮೆತ್ತಗಿತ್ತು. ಉಜ್ಜುತ್ತಲೇ ಡಾಕ್ಟರನ್ನು ಕೂಗಿದೆ. ಗರ್ಭಕೋಶ ಗಟ್ಟಿಯಾಗಿಸುವ ಆಕ್ಸಿಟೋಸಿನ್, ಎರಡು ಕಡೆ ಡ್ರಿಪ್, ರಕ್ತ. ಅವಳು ಉಳಿದಳು.

ಆ ಆಯಾ ಏನು ತಪ್ಪು ಮಾಡಿದರು? ನೋಡಿಕೊಳ್ಳಿ ಅಂದೆ, ನೋಡಿಕೊಂಡರು. ಏನನ್ನು ನೋಡಬೇಕು, ಯಾವಾಗ ನನ್ನನ್ನು ಕರೆಯಬೇಕು ಅಂತ ನಾನು ಹೇಳಲೇ ಇಲ್ಲ. ಹೇಳಿದ್ದರೂ ಆ ಕೆಲಸ ಅವರಿಗೆ ಕೊಡುವಂಥದ್ದಲ್ಲ. ಹೆರಿಗೆಯಾದ ಮೊದಲ ಒಂದು ಗಂಟೆ, 15 ನಿಮಿಷಕ್ಕೊಮ್ಮೆ ನಾಡಿ, ಬಿಪಿ, ರಕ್ತಸ್ರಾವ, ಗರ್ಭಕೋಶ ನೋಡಬೇಕು. ಮುಟ್ಟಿ ನೋಡಿ ಅರ್ಥ ಮಾಡಿಕೊಳ್ಳುವ ಕೆಲಸ ಅದು. ಅವರನ್ನು ಲೇಬರ್ ರೂಮಿನ ಬಾಗಿಲಿಗೆ ನಿಲ್ಲಿಸಿ, ಇನ್ನೊಂದು ಕೇಸ್ ಬಂದಿದೆ, ಎರಡನೇ ಸಿಸ್ಟರ್ ಬೇಕು ಅಂತ ಫೋನ್ ಮಾಡಿಸಬೇಕಿತ್ತು ನಾನು. ಆ ತಪ್ಪು ಪೂರ್ತಿ ನನ್ನದು. ಇವತ್ತಿಗೂ ಹಾಗೇ ಅಂದುಕೊಂಡಿದ್ದೇನೆ.

ಆದ್ದರಿಂದ ನಿನ್ನ ಪ್ರಶ್ನೆಗೆ ನೇರ ಉತ್ತರ ಇದು. ಒಪ್ಪಿಕೊಂಡ ಕೆಲಸ ಮಾಡುವ ಹೊಣೆ ಅವರದು. ಯಾವ ಕೆಲಸ, ಯಾರಿಗೆ, ಹೇಗೆ ಹೇಳಿದೆ, ಆಮೇಲೆ ನೋಡಿದೆಯಾ ಇಲ್ಲವಾ, ಇಷ್ಟೂ ನಿನ್ನದು. ಕರ್ನಾಟಕ ರಾಜ್ಯ ಶುಶ್ರೂಷಾ ಪರಿಷತ್ತಿನಲ್ಲಿ ರಿಜಿಸ್ಟರ್ ಆಗಿರುವುದು ನಿನ್ನ ಹೆಸರು. 1947ರ ಭಾರತೀಯ ಶುಶ್ರೂಷಾ ಪರಿಷತ್ ಕಾಯ್ದೆಯ ಜಾಗಕ್ಕೆ 2023ರಲ್ಲಿ ಹೊಸ ಆಯೋಗದ ಕಾಯ್ದೆ ಬಂದಿದೆ. ಕಾಯ್ದೆ ಹಳೆಯದಿರಲಿ ಹೊಸದಿರಲಿ, ರೋಗಿಯ ಸ್ಥಿತಿ ನೋಡಿ ತೀರ್ಮಾನ ಮಾಡುವುದನ್ನು ಆಯಾ ಕೈಗೆ ಕೊಡುವ ಹಾಗಿಲ್ಲ.

ಯಾವುದು ಕೊಡಬಹುದು ಅನ್ನುವುದಕ್ಕೆ ಬರೀ ಪಟ್ಟಿ ನಂಬಬೇಡ. ರೋಗಿಯನ್ನು ನೋಡು. ಗಂಜಿ ಕುಡಿಸುವ ಕೆಲಸವನ್ನೇ ತೆಗೆದುಕೋ. ಕಾಲು ಮುರಿದು ಮಲಗಿದವನಿಗೆ ಯಾರು ಬೇಕಾದರೂ ಗಂಜಿ ಕುಡಿಸಬಹುದು. ಪಕ್ಕದ ಬೆಡ್‌ನಲ್ಲಿ ನಿನ್ನೆ ಲಕ್ವ ಹೊಡೆದು ಬಂದ ಅಜ್ಜನಿಗೆ? ನುಂಗಲು ಆಗುತ್ತದಾ ಇಲ್ಲವಾ ಅಂತ ನೋಡುವ ತನಕ ಒಂದು ಚಮಚವೂ ಬೇಡ. ಅದು ಶ್ವಾಸಕೋಶಕ್ಕೆ ಹೋಗಬಹುದು. ಗಂಜಿ ಒಂದೇ, ಚಮಚ ಒಂದೇ. ಹೊಸದಾಗಿ ಅಡ್ಮಿಟ್ ಆದವರನ್ನು ಮೊದಲು ನೋಡುವುದು, ಔಷಧ, ಇಂಜೆಕ್ಷನ್, ಡ್ರಿಪ್ ಎಷ್ಟು ಓಡಬೇಕು ಅನ್ನುವುದು, ಮೂಗಿನ ನಳಿಕೆಯಲ್ಲಿ ಆಹಾರ ಹಾಕುವುದು, ರಕ್ತ ಹಾಕುವುದು, ಡಿಸ್ಚಾರ್ಜ್ ಆಗುವಾಗ ಮಾತ್ರೆ ವಿವರಿಸುವುದು, ಇವನ್ನು ಮಾತ್ರ ಯಾವತ್ತೂ ಕೊಡಬೇಡ.

ಈಗ ಹೇಳುವ ರೀತಿ. "ಯೂರಿನ್ ಬ್ಯಾಗ್ ನೋಡಿ ಅಕ್ಕಾ" ಅಂದರೆ ಆಗುವುದಿಲ್ಲ. ಹೀಗೆ ಹೇಳು: "ಅಕ್ಕಾ, 7ನೇ ಬೆಡ್ ಅಜ್ಜನ ಬ್ಯಾಗ್ ರಾತ್ರಿ 10ಕ್ಕೆ ಖಾಲಿ ಮಾಡಿದ್ದೇವೆ. 2 ಗಂಟೆಗೆ ಅಳತೆ ಜಗ್ಗಿಗೆ ಬಿಟ್ಟು ಎಷ್ಟು ಬಂತು ನೋಡಿ ನನಗೆ ಹೇಳಿ. 100ಕ್ಕಿಂತ ಕಡಿಮೆ ಇದ್ದರೆ, ಇಲ್ಲ ಬಣ್ಣ ಕೆಂಪಾಗಿದ್ದರೆ ಚೆಲ್ಲಬೇಡಿ, ನನ್ನನ್ನು ಕರೆಯಿರಿ." ದೊಡ್ಡವರಿಗೆ ಗಂಟೆಗೆ ಒಂದು ಕೆಜಿ ತೂಕಕ್ಕೆ ಅರ್ಧ ಎಂಎಲ್ ಮೂತ್ರವಾದರೂ ಬರಬೇಕು. 50 ಕೆಜಿ ಅಜ್ಜನಿಗೆ 4 ಗಂಟೆಗೆ 100. ಆ ಲೆಕ್ಕ ನಿನ್ನ ತಲೆಯಲ್ಲಿರಲಿ. ಅವರಿಗೆ 100 ಅನ್ನುವ ಅಂಕಿ ಸಾಕು. 2:10 ಆದರೂ ಅವರು ಬರದಿದ್ದರೆ ನೀನೇ ಹೋಗಿ ಕೇಳು.

ಬಾಯಿ ಬರುವುದಿಲ್ಲ ಅಂದೆಯಲ್ಲ, ಅದಕ್ಕೆ ಒಂದು ದಾರಿ ಇದೆ. ಡ್ಯೂಟಿ ಹಿಡಿದ ಕೂಡಲೇ ಅವರ ಜೊತೆ ಒಂದು ಸುತ್ತು ಹೋಗು. "ಅಕ್ಕಾ, ಇವತ್ತು ಯಾರನ್ನು ಕಂಡರೆ ನಿಮಗೆ ಯೋಚನೆ ಆಗ್ತದೆ?" ಅಂತ ಕೇಳು. ಇಷ್ಟು ವರ್ಷ ವಾರ್ಡಿನಲ್ಲಿ ಓಡಾಡಿದ ಕಣ್ಣು ಅದು. ಆಮೇಲೆ ಇಬ್ಬರೂ ನಿಂತೇ ಕೆಲಸ ಹಂಚಿಕೊಳ್ಳಿ. ಕುರ್ಚಿಯಲ್ಲಿ ಕೂತು ಹೇಳಬೇಡ. ಭಾರದ ರೋಗಿಯನ್ನು ಮಗ್ಗುಲು ತಿರುಗಿಸುವಾಗ ಕರೆಯದೇ ಹೋಗಿ ಕೈ ಹಾಕು.

ಪ್ರಶ್ನೆ (ಅಂಕೋಲಾದಿಂದ, ಬಿಎಸ್ಸಿ ನರ್ಸಿಂಗ್ ಮುಗಿಸಿದ ಬ್ರದರ್):

ಸಿಸ್ಟರ್, ನಮ್ಮಲ್ಲಿ ಆಯಾ ಕೂಡ ಇಲ್ಲದ ದಿನ ಇರುತ್ತದೆ. ರೋಗಿ ಕಡೆಯವರೇ ಎಲ್ಲ ಮಾಡುತ್ತಾರೆ. ಡ್ರಿಪ್ ಮುಗಿದರೆ ಅವರೇ ಚಕ್ರ ತಿರುಗಿಸಿ ಬಂದ್ ಮಾಡುತ್ತಾರೆ. ಬಿಡಬಹುದಾ?

ಉತ್ತರ:

ಬ್ರದರ್, ಡ್ರಿಪ್ ಮುಟ್ಟಲು ಬಿಡಬೇಡಿ. ಬಂದ್ ಮಾಡಲು ಕಲಿತವರು ಜೋರು ಮಾಡಲೂ ಕಲಿಯುತ್ತಾರೆ. ಬೇಗ ಮುಗಿದರೆ ಬೇಗ ಮನೆಗೆ ಹೋಗಬಹುದು ಅಂತ ಮಗ ಡ್ರಿಪ್ ಪೂರ್ತಿ ಬಿಟ್ಟು, ಹೃದಯದ ತೊಂದರೆಯಿದ್ದ ಅಪ್ಪನಿಗೆ ಉಸಿರು ಕಟ್ಟಿದ್ದನ್ನು ನೋಡಿದ್ದೇನೆ. "ಬಾಟಲಿ ಇಲ್ಲಿ ತನಕ ಬಂದಾಗ ನನ್ನನ್ನು ಕರೆಯಿರಿ" ಅಂತ ಬಾಟಲಿ ಮೇಲೆ ಪ್ಲಾಸ್ಟರ್ ಅಂಟಿಸಿ ಗೆರೆ ಎಳೆದು ತೋರಿಸಿ. ಊಟ, ಸ್ನಾನ, ಎರಡು ಗಂಟೆಗೊಮ್ಮೆ ಮಗ್ಗುಲು ಬದಲಿಸುವುದು, ಇದನ್ನೆಲ್ಲ ಅವರು ಪ್ರೀತಿಯಿಂದ ಮಾಡುತ್ತಾರೆ. ಒಮ್ಮೆ ನೀವು ಮಾಡಿ ತೋರಿಸಿ, ಎರಡನೇ ಸಲ ಅವರು ಮಾಡುವಾಗ ಪಕ್ಕದಲ್ಲಿ ನಿಲ್ಲಿ.

ಕಾರವಾರ, ಅಂಕೋಲಾ ಕಡೆ ಕೊಂಕಣಿ ಬಿಟ್ಟರೆ ಬೇರೆ ಸರಿಯಾಗಿ ಬರದ ಅಜ್ಜಿಯಂದಿರು ಬರುತ್ತಾರೆ. ನೀವು ಹೇಳಿದ್ದಕ್ಕೆ ಹೂಂ ಅಂದರೆ ಅರ್ಥವಾಯಿತು ಅಂತ ಅಲ್ಲ. ಭಾಷೆ ಬರುವವರನ್ನು ಕರೆದು, ನೀವು ಹೇಳಿದ್ದನ್ನು ಅವರ ಬಾಯಿಂದ ವಾಪಸ್ ಹೇಳಿಸಿ.

ಪ್ರಶ್ನೆ (ಶಿರಸಿ ತಾಲ್ಲೂಕು, ಪ್ರಾಥಮಿಕ ಆರೋಗ್ಯ ಕೇಂದ್ರ):

ಅಕ್ಕಾ, ನಾನು ಹೊಸಬಳು. ಕಳೆದ ವಾರ ಸಂಜೆ ಅಡಿಕೆ ತೋಟದಲ್ಲಿ ಹಾವು ಕಚ್ಚಿದವರನ್ನು ತಂದರು. ಡಾಕ್ಟರು ಬರಲು ಅರ್ಧ ಗಂಟೆ ಇತ್ತು, ಫೋನಿನಲ್ಲೇ ಹೇಳಿದರು. ನಾನು, ಒಬ್ಬ ಗ್ರೂಪ್ ಡಿ ಸಹಾಯಕ, ಒಬ್ಬಳು ನರ್ಸಿಂಗ್ ವಿದ್ಯಾರ್ಥಿನಿ. ಯಾರಿಗೆ ಏನು ಹೇಳಬೇಕು ಅಂತಲೇ ತೋಚಲಿಲ್ಲ. ರೋಗಿ ಹುಷಾರಾದರು. ಆದರೆ ಮುಂದಿನ ಸಲಕ್ಕೆ ಏನು ಮಾಡಲಿ?

ಉತ್ತರ:

ತಂಗಿ, ಇದನ್ನು ಕೇಳಿದ್ದು ಬಹಳ ಒಳ್ಳೆಯದಾಯಿತು. ನಮ್ಮ ಮಲೆನಾಡಿನ ಕಡೆ ಇದು ಮತ್ತೆ ಬಂದೇ ಬರುತ್ತದೆ.

ನೀನು ರೋಗಿಯ ಹತ್ತಿರವೇ ಇರು, ಅಲ್ಲಿಂದಲೇ ಕೆಲಸ ಹೇಳು. ಫೋನ್ ಹಿಡಿದು ಹೊರಗೆ ಓಡಬೇಡ. 108ಕ್ಕೆ ಫೋನ್ ಮಾಡುವುದು, ಆಕ್ಸಿಜನ್ ತರುವುದು, ಜೊತೆಗೆ ಬಂದ ಹತ್ತು ಜನರನ್ನು ಹೊರಗೆ ನಿಲ್ಲಿಸುವುದು ಗ್ರೂಪ್ ಡಿ ಅಣ್ಣನಿಗೆ. ವಿದ್ಯಾರ್ಥಿನಿಗೆ ಗಡಿಯಾರ ಕೊಡು. 20 ನಿಮಿಷದ ರಕ್ತ ಪರೀಕ್ಷೆ ಗೊತ್ತಲ್ಲ? ಒಣಗಿದ, ಸ್ವಚ್ಛವಾದ ಗಾಜಿನ ಟೆಸ್ಟ್ ಟ್ಯೂಬಿನಲ್ಲಿ 2 ಎಂಎಲ್ ರಕ್ತ. ಅಲುಗಾಡಿಸದೆ 20 ನಿಮಿಷ ಇಟ್ಟು, ಒಮ್ಮೆ ಓರೆ ಮಾಡಿ ನೋಡುವುದು. ಹೆಪ್ಪುಗಟ್ಟದೆ ಹರಿದರೆ ಕೊಳಕು ಮಂಡಲದಂಥ ಹಾವಿನ ವಿಷ ಅಂತ ತಿಳಿಯಬೇಕು. ರಕ್ತ ತೆಗೆಯುವುದು ನೀನು. ಸಮಯ ಬರೆದುಕೊಂಡು, ಯಾರೂ ಟ್ಯೂಬ್ ಮುಟ್ಟದಂತೆ ಕಾಯುವುದು ಅವಳು. ಓರೆ ಮಾಡಿ ನೋಡುವುದು ಮತ್ತೆ ನೀನು. ಪ್ಲಾಸ್ಟಿಕ್ ಟ್ಯೂಬ್ ಬೇಡ. ಸೋಪಿನ ಪುಡಿಯಲ್ಲಿ ತೊಳೆದ ಗಾಜೂ ಬೇಡ, ಫಲಿತಾಂಶ ತಪ್ಪುತ್ತದೆ. ಈ ಟ್ಯೂಬ್‌ಗಳನ್ನು ಇವತ್ತೇ ಬೇರೆ ಡಬ್ಬಿಯಲ್ಲಿ ತೆಗೆದಿಡು.

ಡಾಕ್ಟರು ಫೋನಿನಲ್ಲಿ ಹೇಳಿದ್ದನ್ನು ಕೇಳುತ್ತಲೇ ಬರೆದುಕೋ. ಬರೆದದ್ದನ್ನು ಅವರಿಗೇ ಓದಿ ಹೇಳು: "ಸರ್, ಆಂಟಿ ಸ್ನೇಕ್ ವೆನಮ್ 10 ವಯಲ್, ಸಲೈನ್‌ನಲ್ಲಿ, ಒಂದು ಗಂಟೆಯಲ್ಲಿ. ಸರಿನಾ?" ಅವರು ಹೌದು ಅಂದಮೇಲೆ ಸಮಯ ಹಾಕು. ಅವರು ಬಂದ ಕೂಡಲೇ ಸಹಿ ಮಾಡಿಸು. ನೀನು ಅವರಿಗೆ ಫೋನ್ ಮಾಡುವಾಗ "ಸರ್, ಬೇಗ ಬನ್ನಿ" ಅಂದರೆ ಸಾಲದು. ಎಷ್ಟು ಹೊತ್ತಿಗೆ ಕಚ್ಚಿತು, ಈಗ ಬಿಪಿ, ನಾಡಿ, ಉಸಿರು ಎಷ್ಟು, ಕಣ್ಣಿನ ರೆಪ್ಪೆ ಇಳಿಯುತ್ತಿದೆಯಾ, ನಿನಗೆ ಏನು ಬೇಕು, ಇಷ್ಟು ಹೇಳು. ರೆಪ್ಪೆ ಇಳಿದರೆ ನಾಗರ ಅಥವಾ ಕಟ್ಟು ಹಾವಿನ ವಿಷ ಉಸಿರಿನ ಕಡೆಗೆ ಹೊರಟಿದೆ ಅಂತ ಅರ್ಥ.

ಆಂಟಿ ವೆನಮ್ ಶುರು ಮಾಡುವ ಮೊದಲು, ಅದು ಮೈಗೆ ಒಗ್ಗದಿದ್ದರೆ ಕೊಡುವ ಅಡ್ರಿನಲಿನ್ ಸಿರಿಂಜಿಗೆ ತುಂಬಿ ಪಕ್ಕದಲ್ಲಿಡು. ಶುರುವಾದ ಮೇಲೆ ನೀನು ಎದ್ದು ಹೋಗುವ ಹಾಗಿಲ್ಲ. ತುರಿಕೆ, ಮೈಮೇಲೆ ದದ್ದು, ವಾಂತಿ, ಉಸಿರು ಏರುವುದು, ಯಾವುದು ಕಂಡರೂ ಡ್ರಿಪ್ ನಿಲ್ಲಿಸಿ ಡಾಕ್ಟರಿಗೆ ಹೇಳಬೇಕು. ಆ ಹೊತ್ತಿನಲ್ಲಿ ಬೇರೆ ಎಲ್ಲ ಕೆಲಸವನ್ನೂ ಬೇರೆಯವರಿಗೆ ಕೊಡು, ಈ ಒಂದನ್ನು ಯಾರಿಗೂ ಕೊಡಬೇಡ.

ಹುಬ್ಬಳ್ಳಿಗೆ ಕಳಿಸುವುದಾದರೆ ಆಂಬುಲೆನ್ಸ್ ಹೊರಡುವ ಮೊದಲೇ ಅಲ್ಲಿಗೆ ಫೋನ್ ಮಾಡಿ. ಕಾಡಿನ ದಾರಿಯಲ್ಲಿ ಸಿಗ್ನಲ್ ನಂಬಿಕೊಳ್ಳಬಾರದು. ಕಚ್ಚಿದ ಸಮಯ, ಎಷ್ಟು ವಯಲ್, ಎಷ್ಟು ಹೊತ್ತಿಗೆ ಶುರು, ಎಲ್ಲ ಬರೆದ ಚೀಟಿ ಆಂಬುಲೆನ್ಸ್ ಸಿಬ್ಬಂದಿಯ ಕೈಗೆ ಕೊಡು. 2024ರಿಂದ ನಮ್ಮ ರಾಜ್ಯದಲ್ಲಿ ಹಾವು ಕಡಿತವನ್ನು ಆರೋಗ್ಯ ಇಲಾಖೆಗೆ ವರದಿ ಮಾಡಲೇಬೇಕು. ಅದನ್ನು ಮರುದಿನ ಮಾಡಿದರೂ ನೆನಪಿಟ್ಟು ಮಾಡಿಸು.

ಪ್ರಶ್ನೆ (ಹೊನ್ನಾವರ):

ಸೀನಿಯರ್ ಒಬ್ಬರು ತಾವು ಕೊಟ್ಟ ಇಂಜೆಕ್ಷನ್‌ಗೆ ನನ್ನ ಸಹಿ ಹಾಕಲು ಹೇಳುತ್ತಾರೆ. ಇಲ್ಲ ಅನ್ನಲು ಭಯ.

ಉತ್ತರ:

ಹಾಕಬೇಡಿ. "ಅಕ್ಕಾ, ನಾನು ನೋಡಿಲ್ಲ, ನೀವೇ ಹಾಕಿಬಿಡಿ" ಅಂತ ಮೆತ್ತಗೆ ಹೇಳಿ, ಪೆನ್ ಅವರ ಕೈಗೆ ಕೊಡಿ. ಮತ್ತೆ ಹೇಳಿದರೆ ಇನ್‌ಚಾರ್ಜ್ ಗಮನಕ್ಕೆ ತನ್ನಿ. ಇನ್ಸುಲಿನ್, ಹೆಪಾರಿನ್, ಪೊಟ್ಯಾಸಿಯಂನಂಥ, ಡೋಸ್ ತಪ್ಪಿದರೆ ಅಪಾಯವಾಗುವ ಔಷಧ ಇದ್ದಲ್ಲಿ ಇಬ್ಬರ ಸಹಿ ಕೇಳುವುದು, ಇಬ್ಬರೂ ಔಷಧವನ್ನೂ ಡೋಸನ್ನೂ ಕಣ್ಣಾರೆ ನೋಡಲಿ ಅಂತ.

ಮೊದಲ ಪ್ರಶ್ನೆ ಕೇಳಿದ ಕುಮಟಾದ ನರ್ಸ್, ಐದು ದಿನದ ನಂತರ:

ಸಿಸ್ಟರ್, ನೀವು ಹೇಳಿದ ಹಾಗೇ ಹೇಳಿದೆ. ಮೊದಲ ದಿನ ಅಕ್ಕ ಏನೂ ಮಾತಾಡಲಿಲ್ಲ. ನಿನ್ನೆ ರಾತ್ರಿ 2 ಗಂಟೆಗೆ ಜಗ್ ಹಿಡಿದುಕೊಂಡೇ ನನ್ನ ಹತ್ತಿರ ಬಂದರು. "60 ಉಂಟು. ನೀವು 100 ಅಂದಿದ್ರಿ, ಚೆಲ್ಲಲಿಲ್ಲ" ಅಂದರು. ಹೋಗಿ ಅಜ್ಜನ ಕಿಬ್ಬೊಟ್ಟೆ ಮುಟ್ಟಿದೆ, ಉಬ್ಬಿತ್ತು. ಹೊದಿಕೆ ತೆಗೆದರೆ ಪೈಪ್ ತೊಡೆಯ ಕೆಳಗೆ ಸಿಕ್ಕಿ ಮಡಚಿಕೊಂಡಿತ್ತು. ಬಿಡಿಸಿದ ಕೂಡಲೇ 400 ಬಂತು. ಅಜ್ಜ ಸಂಜೆಯಿಂದ ನರಳುತ್ತಿದ್ದವರು ನಿದ್ದೆ ಮಾಡಿದರು.

ಉತ್ತರ:

ತಂಗಿ, ಓದಿ ತುಂಬಾ ಸಂತೋಷವಾಯಿತು. 60 ಮತ್ತು 400, ಎರಡನ್ನೂ ಬೇರೆ ಬೇರೆ ಸಮಯ ಹಾಕಿ, ಪೈಪ್ ಮಡಚಿತ್ತು ಅನ್ನುವುದನ್ನೂ ಸೇರಿಸಿ ಬರೆದಿಡು. ಇವತ್ತು ಬೆಳಿಗ್ಗೆ ಹ್ಯಾಂಡ್‌ಓವರ್ ಕೊಡುವಾಗ, ಮೊದಲು ಗಮನಿಸಿದ್ದು ಅಕ್ಕ ಅಂತ ಇನ್‌ಚಾರ್ಜ್ ಎದುರಿಗೆ ಹೇಳು. ಅಕ್ಕ ಅಲ್ಲೇ ನಿಂತಿರುವಾಗಲೇ ಹೇಳು.