ಪಾರ್ಟಿಕಲ್ ಬೋರ್ಡ್ ಕಪಾಟು ಉಬ್ಬಿದೆ, ಏನು ಮಾಡಲಿ? – ಬಡಗಿಯಣ್ಣನಿಗೆ ಗುಂಪಿನ ಪ್ರಶ್ನೆಗಳು

ಪ್ರಶ್ನೆ (ಡೊಂಬಿವಲಿ ಪೂರ್ವ): ಅಣ್ಣಾ, ನಮಸ್ಕಾರ. ಎರಡು ವರ್ಷದ ಹಿಂದೆ ಮಗಳ ಕೋಣೆಗೆ ಮೂರು ಬಾಗಿಲಿನ ಕಪಾಟು ತಗೊಂಡೆವು. ಕಂತು ಮುಗಿದಿದ್ದು ಈ ಏಪ್ರಿಲ್‌ನಲ್ಲಿ. ಈಗ ಜುಲೈ, ಕೆಳಗಿನ ಹಲಗೆ ಉಬ್ಬಿ ಅಂಚಿನ ಪಟ್ಟಿ ಕಿತ್ತು ಬಂದಿದೆ. ಒಂದು ಬಾಗಿಲು ಕೆಳಗೆ ಉಜ್ಜುತ್ತದೆ. ಬಟ್ಟೆಗೆಲ್ಲ ಮುಗ್ಗಲು ವಾಸನೆ. ಹಿಂಬದಿಗೆ ಟಾರ್ಚ್ ಹಾಕಿ ನೋಡಿದರೆ ಕಪ್ಪು ಬೂಷ್ಟು. ಗೋಡೆಯ ಆಚೆ ಬಾತ್‌ರೂಮ್ ಇದೆ. ಪಕ್ಕದ ಮನೆಯವರು ಹಿಂದೆ ಪ್ಲಾಸ್ಟಿಕ್ ಶೀಟ್ ಹೊಡೆಸಿ ಅಂತಾರೆ. ನಮ್ಮವರು ಬಿಸಿಲು ಬಂದ ದಿನ ಬಾಲ್ಕನಿಗೆ ಎಳೆದು ಒಣಗಿಸೋಣ ಅಂತಾರೆ. ಒಣಗಿದರೆ ಮೊದಲಿನ ಹಾಗೆ ಆಗುತ್ತದಾ?

ಉತ್ತರ: ಅಕ್ಕಾ, ಉಬ್ಬಿದ ಹಲಗೆ ಮೊದಲಿನ ಹಾಗೆ ಆಗುವುದಿಲ್ಲ. ಆದರೆ ನಿಮ್ಮ ಕಪಾಟು ಪೂರ್ತಿ ಹೋಗಿಲ್ಲ, ಉಳಿಸಬಹುದು.

ಏಕೆ ಆಗುವುದಿಲ್ಲ ಅಂದರೆ, ಈ ಬೋರ್ಡು ಅವಲಕ್ಕಿಯ ಹಾಗೆ. ಮರದ ಚೂರು, ಹೊಟ್ಟು, ಕೆಲವು ಕಡೆ ಕಬ್ಬಿನ ಸಿಪ್ಪೆ, ಇದಕ್ಕೆ ಗೋಂದು ಬೆರೆಸಿ ಬಿಸಿ ಪ್ರೆಸ್ಸಿನಲ್ಲಿ ಒತ್ತಿ ಚಪ್ಪಟೆ ಮಾಡಿರುತ್ತಾರೆ. ನೀರು ತಾಗಿದ ಕೂಡಲೇ ಒತ್ತಿದ ಚೂರುಗಳು ಬಿಡಿಸಿಕೊಳ್ಳುತ್ತವೆ. ನೆನೆದ ಅವಲಕ್ಕಿಯನ್ನು ಒಣಗಿಸಿದರೆ ಮತ್ತೆ ತೆಳ್ಳಗೆ ಆಗುವುದಿಲ್ಲ ಅಲ್ವಾ, ಹಾಗೆಯೇ ಇದು. ಮೇಲಾಗಿ ಇದಕ್ಕೆ ಸಾಮಾನ್ಯವಾಗಿ ಹಾಕುವ ಯೂರಿಯಾ ಫಾರ್ಮಾಲ್ಡಿಹೈಡ್ ಗೋಂದು ತೇವದಲ್ಲಿ ನಿಧಾನಕ್ಕೆ ಹಿಡಿತ ಬಿಡುತ್ತದೆ.

ಇನ್ನೊಂದು ವಿಷಯ ಎಲ್ಲರೂ ತಿಳಿದಿರಬೇಕು. ಮೇಲಿನ ಸನ್‌ಮೈಕಾ ಮೇಲೆ ಒಂದು ಲೋಟ ನೀರು ಚೆಲ್ಲಿ ಒರೆಸಿದರೆ ಏನೂ ಆಗುವುದಿಲ್ಲ. ಜನ ಆ ಮೇಲ್ಮೈಯನ್ನೇ ದಿನಾ ಒರೆಸಿ ಕಾಪಾಡುತ್ತಾರೆ. ನೀರು ಕುಡಿಯುವುದು ಅಂಚಿನಿಂದ. ಬೋರ್ಡಿನ ಹೊರಪದರದಲ್ಲಿ ಸಣ್ಣ ಪುಡಿ, ನಡುವೆ ದಪ್ಪ ಚೂರು. ಆ ನಡುಭಾಗ ಸಡಿಲ. ಕೊಯ್ದ ಅಂಚು, ಸ್ಕ್ರೂ ತೂತು, ಹಿಂಜ್ ಕೂರಿಸುವ 35 ಮಿಲಿಮೀಟರ್ ಗುಂಡಿ, ವೈರ್ ಹೋಗಲು ಕೊರೆದ ತೂತು, ಇವೆಲ್ಲ ಅದರ ಬಾಯಿಗಳು. ಕಣ್ಣಿಗೆ ಕಾಣುವ ಮೂರು ಅಂಚಿಗೆ ಪಟ್ಟಿ ಅಂಟಿಸಿ, ನೆಲಕ್ಕೆ ತಾಗುವ ಅಂಚನ್ನು ಹಾಗೇ ಬಿಡುವುದು ತುಂಬ ಕಡೆ ನೋಡಿದ್ದೇನೆ. ದಿನಾ ಬೆಳಿಗ್ಗೆ ಒದ್ದೆ ಪೋಚಾ (ನೆಲ ಒರೆಸುವ ಬಟ್ಟೆ) ಹೊಡೆಯುವಾಗ ಅದೇ ಅಂಚು ನೀರು ಹೀರುತ್ತದೆ. ಮಳೆಯನ್ನು ಬಯ್ಯುತ್ತೇವೆ, ಅರ್ಧ ಹಾನಿ ಪೋಚಾದಿಂದಲೇ.

ಮೊದಲು ಕಪಾಟು ಖಾಲಿ ಮಾಡಿ, ಗೋಡೆಯಿಂದ ಒಂದು ಅಡಿ ಮುಂದಕ್ಕೆ ತನ್ನಿ. ಎಳೆಯಬೇಡಿ, ಎಳೆದರೆ ಉಬ್ಬಿದ ಕೆಳಗಿನ ಹಲಗೆ ಪುಡಿಯಾಗುತ್ತದೆ. ಇಬ್ಬರು ಎತ್ತಿ ಇಡಿ. ಆಮೇಲೆ ಗೋಡೆ ಪರೀಕ್ಷೆ. ಒಂದು ಅಡಿ ಚೌಕದ ದಪ್ಪ ಪ್ಲಾಸ್ಟಿಕ್ ತುಂಡನ್ನು ಗೋಡೆಗೆ ಇಟ್ಟು ನಾಲ್ಕೂ ಬದಿಗೆ ಟೇಪ್ ಹಚ್ಚಿ. ಎರಡು ದಿನ ಬಿಟ್ಟು ನೋಡಿ. ಪ್ಲಾಸ್ಟಿಕ್ಕಿನ ಒಳಬದಿಯಲ್ಲಿ, ಅಂದರೆ ಗೋಡೆ ಕಡೆ, ಹನಿ ಕೂತಿದ್ದರೆ ನೀರು ಗೋಡೆಯಿಂದ ಬರುತ್ತಿದೆ. ಹೊರಬದಿ ಮಾತ್ರ ಒದ್ದೆಯಾಗಿದ್ದರೆ ಅದು ಕೋಣೆಯ ಗಾಳಿಯ ತೇವ. ಎರಡರ ಮದ್ದು ಬೇರೆ ಬೇರೆ, ಅದಕ್ಕೇ ಈ ಪರೀಕ್ಷೆ.

ಕಪಾಟಿನ ಹಿಂದೆ ಪ್ಲಾಸ್ಟಿಕ್ ಶೀಟ್ ಹೊಡೆಸಬೇಡಿ. ಗೋಡೆ ಮತ್ತು ಪ್ಲಾಸ್ಟಿಕ್ ನಡುವೆ ತೇವ ಸಿಕ್ಕಿಹಾಕಿಕೊಂಡು ಗೋಡೆಯೇ ಕೊಳೆಯುತ್ತದೆ. ಕಪಾಟಿಗೂ ಗೋಡೆಗೂ ನಡುವೆ ಎರಡು ಇಂಚು ಬಿಡಿ, ಗಾಳಿ ಆಡಲಿ. ಸಣ್ಣ ಕೋಣೆಯಲ್ಲಿ ಎರಡು ಇಂಚು ಕೂಡ ದುಬಾರಿ, ನನಗೆ ಗೊತ್ತು. ಆದರೂ ಬಿಡಿ.

ನೇರ ಬಿಸಿಲಿಗೂ ಇಡಬೇಡಿ. ಒಂದು ಬದಿ ಬೇಗ ಒಣಗಿ ಹಲಗೆ ಬಾಗುತ್ತದೆ. ಹೇರ್ ಡ್ರೈಯರ್ ಹಿಡಿದರೆ ಪಟ್ಟಿಯ ಗೋಂದು ಕರಗುತ್ತದೆ, ಅದು ಬಿಸಿಯಲ್ಲಿ ಅಂಟಿಸಿದ ಗೋಂದು. ಬಾಗಿಲು ತೆರೆದು, ಟೇಬಲ್ ಫ್ಯಾನ್ ಹಾಕಿ, ಒಂದೆರಡು ವಾರ ಒಣಗಲು ಬಿಡಿ.

ಬೂಷ್ಟು ಒರೆಸುವಾಗ ಮಾಸ್ಕ್ ಹಾಕಿ, ಕಿಟಕಿ ತೆರೆಯಿರಿ, ಮಗಳನ್ನು ಬೇರೆ ಕೋಣೆಗೆ ಕಳಿಸಿ. ಒಣಗಿದ ಬೂಷ್ಟನ್ನು ಪೊರಕೆಯಿಂದ ಗುಡಿಸಿದರೆ ಅದು ಮನೆಯೆಲ್ಲ ಹಾರುತ್ತದೆ. ಸೋಪು ನೀರಿನಲ್ಲಿ ಬಟ್ಟೆ ಅದ್ದಿ, ಗಟ್ಟಿ ಹಿಂಡಿ ಒರೆಸಿ, ಕೂಡಲೇ ಒಣಬಟ್ಟೆಯಿಂದ ಇನ್ನೊಮ್ಮೆ ಒರೆಸಿ. ಹಿಂದಿನ ತೆಳು ಹಲಗೆ ಸಾಮಾನ್ಯವಾಗಿ 3 ಮಿಲಿಮೀಟರಿನದು. ಅದರೊಳಗೆ ಬೂಷ್ಟು ಇಳಿದಿದ್ದರೆ ತೊಳೆದು ಪ್ರಯೋಜನವಿಲ್ಲ. ಬಿಚ್ಚಿ ಹೊಸದು ಹಾಕಿಸಿ, ಖರ್ಚು ಜಾಸ್ತಿ ಆಗುವುದಿಲ್ಲ.

ಕೆಳಗಿನ ಹಲಗೆಯನ್ನು ಬದಲಿಸಿಬಿಡಿ. ಎರಡೂ ಬದಿ ಲ್ಯಾಮಿನೇಟ್ ಇರುವ 18 ಮಿಲಿಮೀಟರಿನ ಹಲಗೆಯನ್ನು ಅಳತೆಗೆ ಕೊಯ್ದು ಕೊಡುವ ಅಂಗಡಿಗಳು ಉಲ್ಲಾಸನಗರದ ಫರ್ನಿಚರ್ ಬಜಾರಿನಲ್ಲಿ ಸಿಗುತ್ತವೆ, ನಿಮಗೆ ಹತ್ತಿರವೇ. ನಾಲ್ಕೂ ಅಂಚಿಗೆ ಪಟ್ಟಿ ಹಾಕಿ ಅಂತ ಒತ್ತಿ ಹೇಳಿ. ಕಪಾಟಿನ ಅಡಿಗೆ ಪಿವಿಸಿ ಕಾಲು ಹಾಕಿಸಿ, ನೆಲದಿಂದ ಮೂರ್ನಾಲ್ಕು ಇಂಚು ಮೇಲೆ ಬರಲಿ. ಬದಿಯ ಹಲಗೆಗಳ ಕೆಳ ಅಂಚು ಸ್ವಲ್ಪವೇ ಉಬ್ಬಿದ್ದರೆ, ಪೂರ್ತಿ ಒಣಗಿದ ಮೇಲೆ ಪಾಲಿಶ್ ಪೇಪರಿನಲ್ಲಿ ಉಜ್ಜಿ, ಆಯಿಲ್ ಪೇಂಟ್ ಅಥವಾ ಪಿಯು (ಪಾಲಿಯುರೆಥೇನ್) ಸೀಲರ್ ಎರಡು ಮೂರು ಕೋಟು ಕೊಡಿ. ಮೊದಲ ಕೋಟನ್ನು ಅಂಚು ಹೀರಿಬಿಡುತ್ತದೆ, ಒಂದಕ್ಕೇ ನಿಲ್ಲಿಸಬೇಡಿ. ಸ್ಕ್ರೂ ಹಿಡಿಯುತ್ತಿಲ್ಲ, ಹಲಗೆ ಬೆರಳಿಗೆ ಮೆತ್ತಗೆ ಹತ್ತುತ್ತದೆ ಅಂತಾದರೆ ಆ ಬದಿಯ ಹಲಗೆಯನ್ನೂ ಬದಲಿಸಲೇಬೇಕು. ಮಕ್ಕಳ ಕೋಣೆಯ ಕಪಾಟು, ಮೇಲ್ಭಾಗವನ್ನು ಗೋಡೆಗೆ ಕ್ಲಾಂಪ್ ಹಾಕಿ ಬಿಗಿಸಿ.

ಪ್ರಶ್ನೆ (ಪುಣೆ, ಕೋಥ್ರೂಡ್): ಪುಣೆಯಲ್ಲಿ ಮುಂಬೈಯಷ್ಟು ಮಳೆ ಇಲ್ಲ. ಆದರೂ ನಮ್ಮ ಬಾಡಿಗೆ ಮನೆಯ ಸಿಂಕ್ ಕೆಳಗಿನ ಕಪಾಟು ಹೂವಿನ ಹಾಗೆ ಅರಳಿದೆ. ಏಕೆ ಸರ್?

ಉತ್ತರ: ಅದು ಮಳೆಯ ಕೆಲಸವಲ್ಲ, ಸಿಂಕಿನದು. ಪೈಪು ಹೋಗಲು ಹಲಗೆಯಲ್ಲಿ ಕೊರೆದ ತೂತನ್ನು ಕೈಯಿಂದ ಮುಟ್ಟಿ ನೋಡಿ, ಒರಟು ಒರಟಾಗಿ ಬರಿ ಚೂರು ಸಿಗುತ್ತದೆ. ಪೈಪಿನ ಮೇಲೆ ಇಳಿದ ಒಂದೊಂದು ಹನಿ ನೇರ ಅಲ್ಲಿಗೇ ಹೋಗುತ್ತದೆ.

ಸಿಂಕ್ ತುಂಬ ನೀರು ತುಂಬಿಸಿ ಒಮ್ಮೆಗೇ ಬಿಡಿ. ಕೆಳಗಿನ ಪ್ರತಿ ಜಾಯಿಂಟಿಗೂ ಟಿಶ್ಯೂ ಕಾಗದ ಒತ್ತಿ ನೋಡಿ, ಸಣ್ಣ ಸೋರಿಕೆಯೂ ಸಿಕ್ಕಿಬೀಳುತ್ತದೆ. ಸಿಂಕ್ ಮತ್ತು ಕಟ್ಟೆಯ ಕಡಪ್ಪಾ ಕಲ್ಲು ಸೇರುವ ಜಾಗವನ್ನೂ ನೋಡಿ. ಸೋರಿಕೆ ನಿಂತ ಮೇಲೆ ತೂತಿನ ಅಂಚಿಗೆ ಸೀಲರ್, ಅದು ಒಣಗಿದ ಮೇಲೆ ಪೈಪಿನ ಸುತ್ತ ಬೂಷ್ಟು ಹಿಡಿಯದ ಸ್ಯಾನಿಟರಿ ಸಿಲಿಕೋನ್. ಒದ್ದೆ ಜಾಗದ ಮೇಲೆ ಸಿಲಿಕೋನ್ ಹಾಕಿದರೆ ತೇವವನ್ನು ಒಳಗಿಟ್ಟು ಬೀಗ ಹಾಕಿದ ಹಾಗೆ. ಕೆಳಗೆ ಅಂಚು ಇರುವ ಸ್ಟೀಲ್ ಅಥವಾ ಪ್ಲಾಸ್ಟಿಕ್ ಟ್ರೇ ಇಡಿ. ಕಾಗದ ಹಾಸಬೇಡಿ, ಅದು ನೀರು ಹಿಡಿದಿಟ್ಟುಕೊಳ್ಳುತ್ತದೆ.

ಕುಕ್ಕರ್ ಸೀಟಿ ಎಲ್ಲಿಗೆ ಹೊಡೆಯುತ್ತದೆ ಅಂತಲೂ ನೋಡಿ. ಮೇಲಿನ ಕಪಾಟಿನ ಕೆಳ ಅಂಚಿಗೆ ದಿನಾ ಹಬೆ ಬಡಿದರೆ ಅದೂ ಬಿಚ್ಚಿಕೊಳ್ಳುತ್ತದೆ. ಬಾಡಿಗೆ ಮನೆ ಅಂದಿರಿ, ಇವತ್ತೇ ಫೋಟೋ ತೆಗೆದು ಮಾಲೀಕರಿಗೆ ಕಳಿಸಿ.

ಪ್ರಶ್ನೆ (ಗೋವಾ, ಮಡಗಾಂವ್): ನಾವು ಕೆಲಸಕ್ಕೆ ಹೊರಗಿರುತ್ತೇವೆ, ಮನೆ ಎರಡೆರಡು ತಿಂಗಳು ಬೀಗ. ಡಾಂಬರು ಗುಳಿಗೆ ಇಟ್ಟರೂ ಕಪಾಟಿನಲ್ಲಿ ಬೂಷ್ಟು ಬರುತ್ತದೆ. ಕಪಾಟಿನೊಳಗೆ ಸಣ್ಣ ಬಲ್ಬ್ ಉರಿಸಿಟ್ಟರೆ ಒಣಗಿರುತ್ತದೆ ಅಂತ ಅತ್ತೆ ಹೇಳುತ್ತಾರೆ. ಸರಿಯಾ?

ಉತ್ತರ: ಬಲ್ಬ್ ಬೇಡವೇ ಬೇಡ ತಂಗಿ. ಹಳೆ ಕಾಲದ ಸಾಗುವಾನಿ ಬೀರುವಿನಲ್ಲಿ ಹಾಗೆ ಮಾಡುತ್ತಿದ್ದರು, ಮನೆಯಲ್ಲಿ ಜನ ಇರುತ್ತಿದ್ದರು. ಬೀಗ ಹಾಕಿದ ಮನೆ, ಒಳಗೆ ಬಟ್ಟೆ, ಬಿಸಿ ಬಲ್ಬ್. ಬೆಂಕಿ ಹತ್ತಿದರೆ ನೋಡುವವರು ಯಾರು? ಅತ್ತೆಯವರಿಗೆ ನನ್ನ ಪರವಾಗಿ ಹೇಳಿ.

ಡಾಂಬರು ಗುಳಿಗೆ ಹುಳ ಓಡಿಸುತ್ತದೆ, ತೇವ ಹೀರುವುದಿಲ್ಲ. ತೇವ ಹೀರುವುದು ಕ್ಯಾಲ್ಸಿಯಂ ಕ್ಲೋರೈಡ್ ಇರುವ ಡಬ್ಬಿ. ಮೇಲಿನ ಹರಳು ಕರಗಿ ಕೆಳಗೆ ನೀರು ತುಂಬುತ್ತದೆ. ಆ ನೀರು ಉಪ್ಪಿನದು, ಚೆಲ್ಲಿದರೆ ಹಿಂಜ್ ತುಕ್ಕು ಹಿಡಿಯುತ್ತದೆ, ಹಲಗೆಯೂ ಹಾಳು. ಹಾಗಾಗಿ ಡಬ್ಬಿಯನ್ನು ಅಗಲ ಪಾತ್ರೆಯೊಳಗೆ ನೇರ ಇಡಿ, ಮಕ್ಕಳ ಕೈಗೆ ಸಿಗದಿರಲಿ. ಇದು ಮುಚ್ಚಿದ ಕಪಾಟಿಗೆ ಮಾತ್ರ, ಇಡೀ ಕೋಣೆಗೆ ಸಾಲದು. ಮಳೆಗಾಲದಲ್ಲಿ ಎರಡು ತಿಂಗಳು ಆಗುವ ಮುಂಚೆಯೇ ಡಬ್ಬಿ ತುಂಬಿಬಿಡಬಹುದು. ನಂಬಿಕೆಯ ನೆರೆಯವರಿಗೆ ಕೀಲಿ ಕೊಟ್ಟು ಎರಡು ವಾರಕ್ಕೊಮ್ಮೆ ನೀರು ಚೆಲ್ಲಿಸಿ. ಅದೇ ದಿನ ಮಳೆ ಇಲ್ಲದಿದ್ದರೆ ಕಿಟಕಿ ತೆರೆದು ಫ್ಯಾನ್ ಹಾಕಲಿ. ಮಳೆ ಸುರಿಯುವಾಗ ಕಿಟಕಿ ತೆರೆದರೆ ಹೊರಗಿನ ತೇವವೇ ಒಳಗೆ ಬರುತ್ತದೆ.

ಹೋಗುವ ಮುಂಚೆ ಬಟ್ಟೆ ಗರಿಗರಿ ಒಣಗಿರಲಿ. ಇಸ್ತ್ರಿ ಮಾಡಿದ ಬಿಸಿಯಲ್ಲೇ ಮಡಚಿ ಇಡಬೇಡಿ. ಕಪಾಟಿನ ಹಲಗೆಗಳಲ್ಲಿ ಅರ್ಧ ಜಾಗ ಖಾಲಿ ಬಿಡಿ. ಚಿಕ್ಕ ತೇವಮಾಪಕ ಈಗ ಕಡಿಮೆ ಬೆಲೆಗೆ ಸಿಗುತ್ತದೆ, ಒಂದು ತಂದಿಡಿ. 60 ಶೇಕಡಕ್ಕಿಂತ ಕೆಳಗಿದ್ದರೆ ಬೂಷ್ಟಿಗೆ ಬೆಳೆಯುವುದು ಕಷ್ಟ. ಗೋವಾದ ಜುಲೈಯಲ್ಲಿ ತೇವ ತೆಗೆಯುವ ಯಂತ್ರ ಇಲ್ಲದೆ ಅಷ್ಟಕ್ಕೆ ಇಳಿಸುವುದು ಸುಲಭವಲ್ಲ. ನೀವು ಮನೆಯಲ್ಲಿರುವ ದಿನ ಏಸಿಯನ್ನು ಡ್ರೈ ಮೋಡಿನಲ್ಲಿ ಎರಡು ಮೂರು ಗಂಟೆ ಓಡಿಸಿ, ಕಪಾಟಿನ ಬಾಗಿಲು ತೆರೆದಿಟ್ಟು.

ಪ್ರಶ್ನೆ (ನೆರೂಲ್): ಹೊಸದು ತಗೊಳ್ಳುವವರು ಏನು ಕೇಳಬೇಕು?

ಉತ್ತರ: ಕೊಯ್ದ ಒಂದು ಚೂರು ಕೇಳಿ. ದಪ್ಪ ಅಳೆದು, ಒಂದು ದಿನ ನೀರಿನಲ್ಲಿ ಮುಳುಗಿಸಿ, ಮತ್ತೆ ಅಳೆಯಿರಿ. ಎರಡು ಮೂರು ಅಂಗಡಿಯ ಚೂರುಗಳನ್ನು ಒಟ್ಟಿಗೆ ಹಾಕಿದರೆ ವ್ಯತ್ಯಾಸ ನಿಮ್ಮ ಕಣ್ಣಿಗೇ ಕಾಣುತ್ತದೆ. ಲ್ಯಾಮಿನೇಟ್ ಹಚ್ಚಿದ ಪಾರ್ಟಿಕಲ್ ಬೋರ್ಡಿಗೆ ಐಎಸ್ (ಭಾರತೀಯ ಮಾನಕ) 12823 ಅಂತ ಗುರುತು ಇರುತ್ತದೆ, ಅದನ್ನು ನೋಡಿ. ಒಳಗೆ ಹಸಿರು ಬಣ್ಣ ಇದ್ದರೆ ನೀರಿಗೆ ಹೆದರುವುದಿಲ್ಲ ಅಂತಾರೆ, ಬಣ್ಣ ಯಾರು ಬೇಕಾದರೂ ಹಾಕಬಹುದು. ತೇವ ತಡೆಯುವ ಬೋರ್ಡು ಅಂದರೂ ಅದು ಗಾಳಿಯ ತೇವಕ್ಕೆ, ನಿಂತ ನೀರಿಗಲ್ಲ. ಸಿಂಕಿನ ಕೆಳಗೆ, ಬಾತ್‌ರೂಮ್ ಪಕ್ಕ ಮಾತ್ರ ಐಎಸ್ 710 ಮರೀನ್ ಪ್ಲೈವುಡ್ ಅಥವಾ ಪಿವಿಸಿ ಬೋರ್ಡ್ ಹಾಕಿಸಿ. ಉಳಿದ ಕಡೆ ಪಾರ್ಟಿಕಲ್ ಬೋರ್ಡ್ ಚೆನ್ನಾಗಿಯೇ ಬಾಳುತ್ತದೆ. ಎಲ್ಲವೂ ಮರೀನ್ ಬೇಕು ಅಂತ ಯಾರಾದರೂ ಹೆದರಿಸಿದರೆ ಸಾಲ ಮಾಡಬೇಡಿ.

ಮತ್ತೆ ಡೊಂಬಿವಲಿಯಿಂದ: ಅಣ್ಣಾ, ನೀವು ಹೇಳಿದ ಹಾಗೆ ಪ್ಲಾಸ್ಟಿಕ್ ಹಚ್ಚಿದೆ. ಗೋಡೆ ಕಡೆಯೇ ಹನಿ ಕೂತಿದೆ. ಗೋಡೆಗೆ ವಾಟರ್‌ಪ್ರೂಫ್ ಪೇಂಟ್ ಹೊಡೆಸಿದರೆ ಸಾಕಾ?

ಉತ್ತರ: ಸಾಲದು ಅಕ್ಕಾ. ನೀರು ಆಚೆಯಿಂದ ಬರುತ್ತಿರುವಾಗ ಈಚೆಯಿಂದ ಪೇಂಟ್ ಹೊಡೆದರೆ ಕೆಲವೇ ತಿಂಗಳಿಗೆ ಗುಳ್ಳೆ ಎದ್ದು ಉದುರುತ್ತದೆ. ಬಾತ್‌ರೂಮ್ ಕಡೆಯಿಂದಲೇ ನಿಲ್ಲಿಸಬೇಕು. ಮೂರು ದಿನ ಆ ಬಾತ್‌ರೂಮಿನಲ್ಲಿ ಸ್ನಾನ ನಿಲ್ಲಿಸಿ, ಆದರೆ ನೀರಿನ ವಾಲ್ವ್ ತೆರೆದೇ ಇರಲಿ. ಆಮೇಲೂ ಹನಿ ಮೊದಲಿನಷ್ಟೇ ಬಂದರೆ ಗೋಡೆಯೊಳಗಿನ ಪೈಪ್ ಮೇಲೆ ಅನುಮಾನ ಪಡಬೇಕು. ಕಡಿಮೆಯಾದರೆ ಟೈಲ್ಸ್ ಸಂದು ಅಥವಾ ನೀರು ಹೋಗುವ ಜಾಲಿಯ ಸುತ್ತ ಬಿರುಕು. ಸಂದು ಆದರೆ ಅಲ್ಲಿ ತುಂಬಿದ ಗ್ರೌಟ್ ಕೆರೆದು ಹೊಸದು ತುಂಬಿಸಿದರೆ ಸಾಕಾಗಬಹುದು. ಪೈಪ್ ಆದರೆ ಸಾಮಾನ್ಯವಾಗಿ ಗೋಡೆ ಒಡೆಯಬೇಕಾಗುತ್ತದೆ.

ಅಲ್ಲಿವರೆಗೆ ಹೊಸ ಹಲಗೆ ತರಬೇಡಿ, ಅದೂ ಉಬ್ಬುತ್ತದೆ. ಜಾಗ ಇದ್ದರೆ ಕಪಾಟನ್ನು ಎದುರಿನ ಗೋಡೆಗೆ ಸರಿಸಿ. ಮಗಳ ಬಟ್ಟೆ ಸ್ವಲ್ಪ ದಿನ ಕಪಾಟಿನ ಹೊರಗೆ, ಹಗ್ಗದ ಮೇಲೆ ಅಥವಾ ಟ್ರಂಕಿನಲ್ಲಿ ಇರಲಿ. ಪರೀಕ್ಷೆ ಮಾಡಿ ಏನು ಕಂಡಿತು ಅಂತ ಇಲ್ಲೇ ಬರೆಯಿರಿ, ಜಾಲಿಯ ಸುತ್ತಲಿನ ಟೈಲ್ಸಿನ ಹತ್ತಿರದ ಫೋಟೋ ಕೂಡ ಹಾಕಿ.