ನೈಟ್ರೇಟ್, ಫಾಸ್ಫೇಟ್ ಎರಡೂ ಸೊನ್ನೆ, ಆದರೂ ಮರಳ ಮೇಲೆ ಕಂದು ಲೋಳೆ. ಏನು ಮಾಡಲಿ?

ಪ್ರಶ್ನೆ:
200 ಲೀಟರಿನ ರೀಫ್ ಟ್ಯಾಂಕ್ (ಹವಳ ಸಾಕುವ ಉಪ್ಪುನೀರಿನ ಅಕ್ವೇರಿಯಂ). ಮರಳು, ಕಲ್ಲು, ಹವಳದ ತುದಿ, ಎಲ್ಲೆಂದರಲ್ಲಿ ಕಂದು ಲೋಳೆ. ಎಳೆಎಳೆಯಾಗಿ ತೂಗಾಡುತ್ತೆ, ತುದಿಯಲ್ಲಿ ಗಾಳಿಗುಳ್ಳೆ. ಬೆಳಿಗ್ಗೆ ಸೈಫನ್ ಮಾಡಿದರೆ ಸಂಜೆಗೆ ಮತ್ತೆ ಹಾಜರ್. ನೈಟ್ರೇಟ್ 0, ಫಾಸ್ಫೇಟ್ 0. ಆರ್‌ಒ-ಡಿಐ (ಪೂರ್ತಿ ಶುದ್ಧೀಕರಿಸಿದ) ನೀರೇ ಬಳಸೋದು, ಟಿಡಿಎಸ್ (ನೀರಲ್ಲಿ ಕರಗಿದ ಅಂಶ) 0. ಮೀನಿನ ಆಹಾರ ಅರ್ಧ ಮಾಡಿದೆ, ಜಿಎಫ್‌ಒ (ಫಾಸ್ಫೇಟ್ ಹೀರುವ ಫಿಲ್ಟರ್ ಕಾಳು) ಹೊಸದು ಹಾಕಿದೆ, ವಾರಾವಾರ ನೀರು ಬದಲಾಯಿಸ್ತಿದ್ದೀನಿ. ಮಾಡಿದಷ್ಟೂ ಜಾಸ್ತಿ ಆಗ್ತಿದೆ. ಇನ್ನೇನು ಕಡಿಮೆ ಮಾಡ್ಲಿ?

ಉತ್ತರ:
ಲೈಟ್ ಟೈಮ್ ಇಳಿಸಿ, ಟರ್ಬೊ ಬಸವನಹುಳು ಬಿಡಿ. ಸೊನ್ನೆ ತೋರಿಸಿದ್ರೆ ನಂಬಬೇಡಿ ಸರ್. ನೀರಿಗೆ ಬಂದ ಫಾಸ್ಫೇಟನ್ನು ಪಾಚಿ ಆಗಿಂದಾಗಲೇ ಹೀರಿಬಿಡುತ್ತೆ, ಕಿಟ್‌ಗೆ ಸಿಗೋಕೆ ಏನು ಉಳಿಯುತ್ತೆ?

ಇನ್ನೊಂದು ಉತ್ತರ:
ಹಸಿರು ಕೂದಲು ಪಾಚಿ ಆಗಿದ್ದರೆ ಮೇಲಿನ ಮಾತು ಸರಿ. ಇಲ್ಲಿ ಬೇಡ, ಬಸವನಹುಳುವನ್ನಂತೂ ಈಗ ಬಿಡಲೇಬೇಡಿ. ಎಳೆ, ಗುಳ್ಳೆ, ಸೊನ್ನೆ ಮೂರೂ ಒಟ್ಟಿಗೆ ಕಂಡರೆ ನನಗೆ ಡೈನೊ (ಡೈನೊಫ್ಲಾಜೆಲೇಟ್ ಅನ್ನೋ ಏಕಕೋಶ ಜೀವಿ) ಮೇಲೇ ಅನುಮಾನ.

ಖಾತ್ರಿ ಮಾಡಿಕೊಳ್ಳಿ. ಸ್ವಲ್ಪ ಲೋಳೆಯನ್ನು ಟ್ಯಾಂಕ್ ನೀರಿನ ಜೊತೆ ಬಾಟಲಿಗೆ ಹಾಕಿ ಜೋರಾಗಿ ಕುಲುಕಿ, ಕಾಫಿ ಫಿಲ್ಟರ್ ಪೇಪರಲ್ಲಿ ಸೋಸಿ, ಸೋಸಿದ ನೀರನ್ನು ಲೈಟ್ ಕೆಳಗೆ ಒಂದು ಗಂಟೆ ಇಡಿ. ತಿಳಿ ನೀರಲ್ಲಿ ಮತ್ತೆ ಎಳೆ ಕಟ್ಟಿದರೆ ಡೈನೊ: ಬಿಡಿ ಕೋಶಗಳು ಪೇಪರಿನಿಂದ ನುಸುಳಿ ಬಂದು ಮತ್ತೆ ಒಂದಕ್ಕೊಂದು ಅಂಟಿಕೊಳ್ಳುತ್ತವೆ. ಸಯನೊ (ಸಯನೊಬ್ಯಾಕ್ಟೀರಿಯಾ) ಆದರೆ ನೀರು ತಿಳಿಯಾಗೇ ಉಳಿಯುತ್ತೆ. ರಾತ್ರಿ ಲೈಟ್ ಆರಿದ ಮೇಲೂ ಒಮ್ಮೆ ನೋಡಿ.

ಕೇಳಿದವರು:
ಎಳೆ ಕಟ್ಟಿದೆ! ರಾತ್ರಿ ಟಾರ್ಚ್ ಬಿಟ್ಟರೆ ಮರಳು ಬೆಳ್ಳಗೆ. ಮೈಕ್ರೋಸ್ಕೋಪಲ್ಲಿ 400 ಪಟ್ಟು ಹಿಗ್ಗಿಸಿ ನೋಡಿದೆ, ನೀರಿನ ಹನಿ ಆಕಾರದವು, ಚೂಪು ತುದಿ ಊರಿಕೊಂಡು ಗಿರಗಿರ ತಿರುಗ್ತಿವೆ. ಇದ್ದ ಬಸವನಹುಳುಗಳಲ್ಲಿ ಕೆಲವು ಮಗುಚಿ ಬಿದ್ದಿವೆ.

ಉತ್ತರ:
ಹಾಗಾದ್ರೆ ಆಸ್ಟ್ರಿಯಾಪ್ಸಿಸ್ ಅನ್ನೋ ಡೈನೊ. ಅದರ ವಿಷಕ್ಕೇ ಬಸವನಹುಳು ಬಿದ್ದಿರೋದು. ಕೈಗವಸು ಹಾಕಿಕೊಳ್ಳಿ, ಬಾಯಲ್ಲಿ ಎಳೆದು ಸೈಫನ್ ಶುರು ಮಾಡೋ ಅಭ್ಯಾಸ ಇದ್ದರೆ ಇವತ್ತೇ ಬಿಟ್ಟುಬಿಡಿ.

ನೀವು ಕೇಳಿದ್ದು ಇನ್ನೇನು ಕಡಿಮೆ ಮಾಡ್ಲಿ ಅಂತ. ಹೆಚ್ಚು ಮಾಡಬೇಕು. ಪೋಷಕಾಂಶ ತಳ ಕಂಡಾಗ ಉಳಿದ ಪಾಚಿ, ಬ್ಯಾಕ್ಟೀರಿಯಾ ಸೊರಗುತ್ತವೆ, ಖಾಲಿ ಬಿದ್ದ ಜಾಗವನ್ನು ಡೈನೊ ಹಿಡಿಯುತ್ತೆ. ಜಿಎಫ್‌ಒ ತೆಗೆದುಬಿಡಿ, ನೀರು ಬದಲಾವಣೆ ನಿಲ್ಲಿಸಿ, ಮೀನಿಗೆ ಮೊದಲಿನಷ್ಟೇ ಆಹಾರ ಕೊಡಿ. ಸಾಲದಿದ್ದರೆ ನೈಟ್ರೇಟ್, ಫಾಸ್ಫೇಟ್ ದ್ರಾವಣ ಹಾಕಿ: ನೈಟ್ರೇಟ್ 5ರಿಂದ 10 ಪಿಪಿಎಂ, ಫಾಸ್ಫೇಟ್ 0.05ರಿಂದ 0.1.

ಜೊತೆಗೆ ಯುವಿ (ಹಾದುಹೋಗೋ ನೀರಲ್ಲಿನ ಕೋಶಗಳನ್ನು ಕೊಲ್ಲುವ ಅತಿನೇರಳೆ ದೀಪ). ಈ ಜಾತಿ ರಾತ್ರಿ ಮರಳು ಬಿಟ್ಟು ನೀರಿಗೆ ಏಳುತ್ತೆ, ಅದಕ್ಕೇ ನಿಮಗೆ ಮರಳು ಬೆಳ್ಳಗೆ ಕಂಡಿದ್ದು. ಯುವಿಯನ್ನು ಸಂಪ್‌ಗೆ (ಪಕ್ಕದ ಫಿಲ್ಟರ್ ತೊಟ್ಟಿಗೆ) ಜೋಡಿಸದೆ ಮುಖ್ಯ ಟ್ಯಾಂಕಿಂದಲೇ ನೀರು ಎಳೆದು ಅಲ್ಲಿಗೇ ಬಿಡೋ ಹಾಗೆ ಜೋಡಿಸಿ. 10-12 ಲೀಟರಿಗೆ 1 ವ್ಯಾಟ್ ಲೆಕ್ಕ ಹಿಡಿಯಿರಿ. ಆಂಫಿಡಿನಿಯಂ ಅನ್ನೋ ಇನ್ನೊಂದು ಡೈನೊ ಆಗಿದ್ದರೆ ಯುವಿಗೆ ಸುರಿದ ದುಡ್ಡು ದಂಡ, ಅದು ಮರಳು ಬಿಟ್ಟು ಏಳೋದೇ ಕಡಿಮೆ. ಲೈಟ್ ಪೂರ್ತಿ ಆರಿಸಿಡೋ ಉಪಾಯ ಹೇಳುವವರೂ ಸಿಗ್ತಾರೆ. ಅದೊಂದೇ ಮಾಡಿದರೆ ಲೈಟ್ ಹಾಕಿದ ಕೂಡಲೇ ವಾಪಸ್ ಬರುತ್ತೆ.

ಕೇಳಿದವರು:
ಯುವಿ ಹಾಕಿದೆ, ಎಳೆ ತೆಳ್ಳಗಾಗಿದೆ. ಆದರೆ ಫಾಸ್ಫೇಟ್ ಹಾಕಿದ ಮರುದಿನವೇ ಮತ್ತೆ 0. ಕಿಟ್ ಕೆಟ್ಟಿದೆಯಾ? ಕಲ್ಲಿನ ಮೇಲೆ ಹಸಿರು ಬೇರೆ ಹತ್ತಿಕೊಳ್ತಿದೆ.

ಉತ್ತರ:
ಕಿಟ್ ಸರಿಯಾಗೇ ಇದೆ. ಕಲ್ಲು, ಮರಳು ಎರಡೂ ಕ್ಯಾಲ್ಸಿಯಂ ಕಾರ್ಬೊನೇಟ್, ಅವು ಫಾಸ್ಫೇಟ್ ಹೀರಿಕೊಳ್ಳುತ್ತವೆ. ದಿನಾ ಅಳೆದು ಸ್ವಲ್ಪ ಸ್ವಲ್ಪವೇ ಹಾಕ್ತಾ ಹೋಗಿ, ಹೀರೋದು ಕಡಿಮೆಯಾದಾಗ ಅಂಕಿ ನಿಲ್ಲುತ್ತೆ. ಕಲ್ಲಿನ ಹಸಿರನ್ನು ಉಜ್ಜಬೇಡಿ, ಈಗ ಡೈನೊ ಜಾಗ ಕಿತ್ತುಕೊಳ್ತಿರೋದು ಅದೇ. ಮುಂದಿನ ಗಾಜು ಮಾತ್ರ ಒರೆಸಿಕೊಳ್ಳಿ. ಡೈನೊ ಪೂರ್ತಿ ಹೋದ ಮೇಲೆ ಟರ್ಬೊ ಬಿಟ್ಟರಾಯಿತು.